ಇನ್‌ಹೌಸ್ ಕೌನ್ಸೆಲ್: ಕಂಪನಿಗೆ ವಕೀಲ, ಕೋರ್ಟಿಗೆ ನೌಕರ

ಇನ್‌ಹೌಸ್ ಕೌನ್ಸೆಲ್ ಎಂದರೆ ಒಂದು ಕಂಪನಿಯ ಸಂಬಳದ ಪಟ್ಟಿಯಲ್ಲಿದ್ದು ಆ ಕಂಪನಿಯ ಕಾನೂನು ಕೆಲಸವನ್ನಷ್ಟೇ ನೋಡುವವರು. ಅವರಿಗೆ ಕಕ್ಷಿದಾರರು ಒಬ್ಬರೇ, ಫೀಸಿನ ಬದಲು ತಿಂಗಳ ಸಂಬಳ. ಬ್ಯಾಂಕು, ವಿದ್ಯುತ್ ಕಂಪನಿ, ಸಾರಿಗೆ ನಿಗಮಗಳಲ್ಲಿ ಈ ಹುದ್ದೆಗೆ ಮೊದಲಿನಿಂದಲೂ ಕಾನೂನು ಅಧಿಕಾರಿ ಅಥವಾ ಲಾ ಆಫೀಸರ್ ಎಂಬ ಹೆಸರಿದೆ. ಬೆಂಗಳೂರಿನ ಐಟಿ ಕಂಪನಿಗಳಿಗೆ ಬಂದರೆ ಲೀಗಲ್ ಕೌನ್ಸೆಲ್, ಸೀನಿಯರ್ ಕೌನ್ಸೆಲ್. ಎಲ್ಲರಿಗೂ ಮೇಲೆ ಜನರಲ್ ಕೌನ್ಸೆಲ್, ಆಡುಮಾತಿನಲ್ಲಿ ಬರೀ ‘ಜಿಸಿ’. ಈ ‘ಜನರಲ್’ ಸೇನೆಯದಲ್ಲ, ಕಂಪನಿಯ ಎಲ್ಲ ಕಾನೂನು ವಿಷಯಕ್ಕೂ ಹೊಣೆ ಎಂದರ್ಥ. ‘ಕೌನ್ಸೆಲ್’ ಕೂಡ ‘ಕೌನ್ಸಿಲ್’ ಅಲ್ಲ. ಮೊದಲನೆಯದು ವಕೀಲ, ಎರಡನೆಯದು ಮಂಡಳಿ. ಪತ್ರಿಕೆಗಳಲ್ಲೇ ಇವೆರಡು ಅದಲುಬದಲಾಗುವುದುಂಟು. ತಮಾಷೆಯೆಂದರೆ ಬಾರ್ ಕೌನ್ಸಿಲ್‌ನ, ಅಂದರೆ ವಕೀಲರ ಪರಿಷತ್ತಿನ, ಲೆಕ್ಕದಲ್ಲಿ ಜನರಲ್ ಕೌನ್ಸೆಲ್ ವಕೀಲರೇ ಅಲ್ಲ. ಅದಕ್ಕೆ ಆಮೇಲೆ ಬರೋಣ.

ಈಚೆಗೆ ಈ ಹುದ್ದೆಯ ಪಕ್ಕದಲ್ಲಿ ‘ಸ್ಟ್ರಾಟೆಜಿಕ್’ ಎಂಬ ವಿಶೇಷಣ ತಪ್ಪದೆ ಕಾಣಿಸುತ್ತದೆ. ಉದ್ಯೋಗ ಜಾಹೀರಾತಿನ ಅಲಂಕಾರ ಕಳೆದರೆ ಉಳಿಯುವ ಅರ್ಥ ಸರಳ: ನಿರ್ಧಾರ ಆದ ಮೇಲೆ ಕರೆಯುತ್ತಿದ್ದವರನ್ನು ಈಗ ನಿರ್ಧಾರಕ್ಕೆ ಮುಂಚೆ ಕರೆಯುತ್ತಾರೆ. ಮೊದಲು ಲೀಗಲ್ ವಿಭಾಗವೆಂದರೆ ಕಡತ ತಲುಪುವ ಕೊನೆಯ ಮೇಜು. ಬೆಲೆ ಮಾತಾಗಿ, ಗ್ರಾಹಕರಿಗೆ ತಾರೀಕೂ ಹೇಳಿ ಆದ ಮೇಲೆ, ‘ಸಂಜೆಯೊಳಗೆ ಒಂದು ಸಲ ನೋಡಿ ಕಳಿಸಿಬಿಡಿ ಸರ್’ ಎಂಬ ಮೇಲ್ ಬರುತ್ತಿತ್ತು. ತಪ್ಪು ಕಂಡರೂ ತಿದ್ದುವ ಹೊತ್ತು ಮೀರಿರುತ್ತಿತ್ತು. ತಿದ್ದಲು ಹೋದರೆ ವ್ಯವಹಾರ ಕೆಡಿಸಿದವರೆಂಬ ಹೆಸರು. ಮುಂದೆ ನೋಟಿಸ್ ಬಂದಾಗ ಹೊರಗಿನ ವಕೀಲರಿಗೆ ಕಡತ ಒಪ್ಪಿಸಿ, ವಾಯಿದೆಗಳನ್ನು ಡೈರಿಯಲ್ಲಿ ಬರೆದುಕೊಳ್ಳುವುದಷ್ಟೇ ಉಳಿಯುತ್ತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಬದಲಾವಣೆಯ ಮಾತು ಬಂದಾಗ ಎಲ್ಲರೂ ಬೊಟ್ಟು ಮಾಡುವುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯತ್ತ. 1987ರಲ್ಲಿ ಅಲ್ಲಿ ಜನರಲ್ ಕೌನ್ಸೆಲ್ ಆದ ಬೆನ್ ಹೈನ್‌ಮನ್, ಲಾ ಫರ್ಮ್‌ಗಳಲ್ಲಿ ಪಳಗಿದ ವಕೀಲರನ್ನು ಕಂಪನಿಯೊಳಕ್ಕೇ ತಂದು ಕೂರಿಸಿದರು. ವ್ಯಾಪಾರಕ್ಕೆ ಪಾಲುದಾರ, ಕಂಪನಿಯ ನಡತೆಗೆ ಕಾವಲುಗಾರ, ಈ ಎರಡೂ ಒಬ್ಬರೇ ಆಗಿರಬೇಕೆಂಬುದು ಅವರ ವಾದ. ನಮ್ಮಲ್ಲಿ ಆ ಕೆಲಸವನ್ನು ಮಾಡಿಸಿದ್ದು ಯಾವ ವಾದವೂ ಅಲ್ಲ, ಒಂದರ ಹಿಂದೊಂದು ಬಂದ ಕಾನೂನುಗಳು: 2013ರ ಕಂಪನಿ ಕಾಯ್ದೆ, 2015ರ ಸೆಬಿ (ಷೇರುಪೇಟೆಯ ನಿಯಂತ್ರಕ) ಲಿಸ್ಟಿಂಗ್ ನಿಯಮಗಳು ಮತ್ತು ವಾಣಿಜ್ಯ ನ್ಯಾಯಾಲಯ ಕಾಯ್ದೆ, 2016ರ ದಿವಾಳಿ ಸಂಹಿತೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ.

ಒಂದು ಕಲಮಿನ ಕಥೆ

‘ಮುಂಚೆ ಕರೆಯುವುದು’ ಎಂದರೇನೆಂದು ಒಂದು ಕರಾರು ಹಿಡಿದು ನೋಡಬಹುದು. ಒಂದು ಸಾಫ್ಟ್‌ವೇರ್ ಕಂಪನಿ ಒಂದು ಬ್ಯಾಂಕಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಸೇವೆ ಮಾರುತ್ತಿದೆ ಎಂದುಕೊಳ್ಳಿ. ಕರಡು ಬ್ಯಾಂಕಿನದು. ಅದರಲ್ಲಿ ಹೊಣೆಗಾರಿಕೆಯ ಮಿತಿ, ಅಂದರೆ ನಷ್ಟವಾದರೆ ಕಂಪನಿ ಕಟ್ಟಿಕೊಡಬೇಕಾದ ಗರಿಷ್ಠ ಮೊತ್ತ, ‘ಹಿಂದಿನ 12 ತಿಂಗಳಲ್ಲಿ ಪಾವತಿಯಾದ ಶುಲ್ಕ’ ಎಂದಿದೆ. ಮಾರಾಟದವರು ಓದುವುದು ಅಲ್ಲಿಯವರೆಗೆ, ಓದಿ ನೆಮ್ಮದಿಯಾಗಿರುತ್ತಾರೆ. ಎರಡು ಪುಟ ಆಚೆ ಇನ್ನೊಂದು ಸಾಲು: ‘ಈ ಮಿತಿ ಇಂಡೆಮ್ನಿಟಿಗೂ ಗೋಪ್ಯತೆಯ ಉಲ್ಲಂಘನೆಗೂ ಅನ್ವಯಿಸುವುದಿಲ್ಲ.’ ಇಂಡೆಮ್ನಿಟಿ ಎಂದರೆ ಎದುರಿನವರ ನಷ್ಟ ತುಂಬಿಕೊಡುವ ಮಾತು. ದತ್ತಾಂಶ ಸೋರಿಕೆಯಾದರೆ ಅದು ಗೋಪ್ಯತೆಯ ಉಲ್ಲಂಘನೆಯೇ. ಹಾಗಾಗಿ 2 ಕೋಟಿಯ ಮಿತಿ ಇದ್ದೂ ಇಲ್ಲದಂತೆ.

ಈಗ ದತ್ತಾಂಶ ಕಾಯ್ದೆಯನ್ನು ಪಕ್ಕಕ್ಕಿಟ್ಟು ಓದಿ. ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಕಾಯ್ದೆಯ ಕಣ್ಣಿಗೆ ಮೊದಲು ಬೀಳುವುದು ಗ್ರಾಹಕರ ಮಾಹಿತಿ ಯಾರ ಉದ್ದೇಶಕ್ಕೆ ಬಳಕೆಯಾಗುತ್ತದೋ ಅವರು, ಅಂದರೆ ಬ್ಯಾಂಕು. ಬ್ಯಾಂಕು ಸುಮ್ಮನಿರುತ್ತದೆಯೇ? ಆ ಮಿತಿಯಿಲ್ಲದ ಕಲಮು ಹಿಡಿದು ತನ್ನ ನಷ್ಟವನ್ನು ಸಾಫ್ಟ್‌ವೇರ್ ಕಂಪನಿಯ ಬಾಗಿಲಿಗೆ ತರುತ್ತದೆ.

ಅನುಭವಿ ಕೌನ್ಸೆಲ್ ಇಲ್ಲಿ ‘ಆಗುವುದಿಲ್ಲ’ ಎಂದು ಕರಡು ವಾಪಸ್ ಕಳಿಸುವುದಿಲ್ಲ. ದತ್ತಾಂಶ ಸೋರಿಕೆಗೆಂದೇ ಪ್ರತ್ಯೇಕವಾದ, ಸಾಮಾನ್ಯ ಮಿತಿಗಿಂತ ದೊಡ್ಡ ಮಿತಿಯೊಂದನ್ನು ಮುಂದಿಡುತ್ತಾರೆ. ವರ್ಷದ ಶುಲ್ಕದ ಎರಡೋ ಮೂರೋ ಪಟ್ಟು. ಇದಕ್ಕೆ ಸೂಪರ್ ಕ್ಯಾಪ್ ಎನ್ನುತ್ತಾರೆ. ಆಮೇಲೆ ಹಣಕಾಸು ವಿಭಾಗಕ್ಕೆ ಫೋನ್ ಮಾಡಿ, ಕಂಪನಿಯ ಸೈಬರ್ ವಿಮೆ ಎಷ್ಟಕ್ಕಿದೆ ಎಂದು ಕೇಳುತ್ತಾರೆ. ವಿಮೆ 5 ಕೋಟಿಗಿದ್ದು ಮಿತಿ 6 ಕೋಟಿಯಾದರೆ, ನಡುವಿನ 1 ಕೋಟಿ ಕಂಪನಿಯ ಜೇಬಿನದು. ವಿಮೆ ಏರಿಸಿದರೆ ಪ್ರೀಮಿಯಂ ಏರುತ್ತದೆ, ಅದು ಬೆಲೆಯಲ್ಲಿ ಸೇರಬೇಕು. ಬೆಲೆ ಹೇಳಿ ಆದ ಮೇಲೆ ಈ ಲೆಕ್ಕ ಹಾಕಿ ಏನು ಬಂತು? ಆ ಕಾರಣಕ್ಕೇ ಕೊಟೇಶನ್ ಹೋಗುವ ಮುಂಚೆಯೇ ಲೀಗಲ್‌ನವರು ಕೋಣೆಯಲ್ಲಿರಬೇಕು.

ಎಲ್ಲ ಕರಾರಿಗೂ ಹೀಗೆ ಕೂತರೆ ಕೆಲಸ ಸಾಗುವುದಿಲ್ಲ. ಹಾಗಾಗಿ ಪ್ಲೇಬುಕ್ ಮಾಡಿಕೊಳ್ಳುತ್ತಾರೆ. ಪ್ರತಿ ಮುಖ್ಯ ಕಲಮಿಗೆ ಮೂರು ಅಂಕಣ: ನಮ್ಮ ನಿಲುವು, ಎಲ್ಲಿಯವರೆಗೆ ಬಗ್ಗಬಹುದು, ಅದಕ್ಕೂ ಮೀರಿದರೆ ಒಪ್ಪಿಗೆ ಯಾರದು. ಸಾಮಾನ್ಯ ಗೋಪ್ಯತಾ ಒಪ್ಪಂದದಂಥವನ್ನು ಸಿದ್ಧ ನಮೂನೆಯಲ್ಲಿ ಮಾರಾಟದವರ ಕೈಗೇ ಕೊಟ್ಟುಬಿಡುತ್ತಾರೆ. ಪ್ಲೇಬುಕ್ ಸೋಲುವುದು ಸಾಮಾನ್ಯವಾಗಿ ಮೂರನೆಯ ಅಂಕಣದಲ್ಲಿ. ಅಲ್ಲಿ ಹೆಸರಿನ ಬದಲು ‘ಮ್ಯಾನೇಜ್‌ಮೆಂಟ್’ ಎಂದು ಬರೆದಿದ್ದರೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಇಲ್ಲವೇ ಎಲ್ಲರೂ ಕೊಡುತ್ತಾರೆ.

ಕರಾರಿನ ಹೊರಗೆ ನಡೆಯುವುದರ ಮೇಲೂ ಕಣ್ಣಿಡಬೇಕು. ‘ಇಷ್ಟವಾಗದಿದ್ದರೆ ಆರು ತಿಂಗಳಲ್ಲಿ ಹಣ ವಾಪಸ್’ ಎಂದು ಮಾರಾಟದವರು ಗ್ರಾಹಕರಿಗೆ ಬೇರೆಯಾಗಿ ಒಂದು ಮೇಲ್ ಹಾಕಿರುತ್ತಾರೆ. ಇದು ಸೈಡ್ ಲೆಟರ್. ನೋಡಲು ಸಣ್ಣದು. ಆದರೆ ಹಣ ವಾಪಸ್ ಹೋಗಬಹುದಾದಾಗ ಅದನ್ನು ಪೂರ್ತಿ ಆದಾಯವೆಂದು ಲೆಕ್ಕಕ್ಕೆ ಹಿಡಿದರೆ ತ್ರೈಮಾಸಿಕದ ಅಂಕಿಗಳೇ ತಪ್ಪುತ್ತವೆ.

ಗಂಟೆಗಳ ಲೆಕ್ಕ

ಸೋರಿಕೆ ನಿಜವಾಗಿಯೂ ಆಯಿತು ಎನ್ನಿ. ರಾತ್ರಿ ಹತ್ತಕ್ಕೆ ಐಟಿ ತಂಡಕ್ಕೆ ಗೊತ್ತಾಗುತ್ತದೆ. 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಹೋಗಬೇಕು, ಅಂದರೆ ಬೆಳಗಿನ ಜಾವ ನಾಲ್ಕರೊಳಗೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ, ಪ್ರಕಟಿಸಲೇಬೇಕಾದಷ್ಟು ಮಹತ್ವದ ಘಟನೆಯೆಂದು ತೀರ್ಮಾನವಾದರೆ, ಸೆಬಿಯ 30ನೇ ನಿಯಮದಡಿ ಷೇರು ವಿನಿಮಯ ಕೇಂದ್ರಕ್ಕೂ ತಿಳಿಸಬೇಕು: ಕಂಪನಿಯೊಳಗೇ ಹುಟ್ಟಿದ ಸಂಗತಿಗೆ 12 ಗಂಟೆ, ಹೊರಗಿನಿಂದ ಬಂದದ್ದಕ್ಕೆ 24 ಗಂಟೆ. ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಅವುಗಳಲ್ಲಿ 18 ತಿಂಗಳ ಬಳಿಕ ಜಾರಿಗೆ ಬರುವ ಭಾಗದ ಪ್ರಕಾರ ತಡಮಾಡದೆ ದತ್ತಾಂಶ ರಕ್ಷಣಾ ಮಂಡಳಿಗೆ ತಿಳಿಸಿ, 72 ಗಂಟೆಯೊಳಗೆ ಪೂರ್ಣ ವಿವರ ಕೊಡಬೇಕು. ಗ್ರಾಹಕರ ಕರಾರುಗಳಲ್ಲಿರುವ ಗಡುವುಗಳು ಇದರ ಮೇಲೆ ಬೇರೆ.

ಇಲ್ಲಿ ಎಡವುವುದು ಗಡುವು ಮರೆತು ಅಲ್ಲ. ನಾಲ್ಕು ಕಡೆಗೆ ನಾಲ್ಕು ತಂಡಗಳು ನಾಲ್ಕು ಬಗೆಯಲ್ಲಿ ಬರೆಯುತ್ತವೆ. ಐಟಿಯವರ ವರದಿಯಲ್ಲಿ ‘ಹ್ಯಾಕ್ ಆಗಿದೆ’, ಪತ್ರಿಕಾ ಹೇಳಿಕೆಯಲ್ಲಿ ‘ತಾಂತ್ರಿಕ ಅಡಚಣೆ’. ಆರು ತಿಂಗಳ ನಂತರ ಇವೆರಡನ್ನೂ ಅಕ್ಕಪಕ್ಕ ಇಟ್ಟು ಪ್ರಶ್ನೆ ಕೇಳುವವರು ಇದ್ದೇ ಇರುತ್ತಾರೆ. ಎಲ್ಲ ಬರಹವೂ ಒಬ್ಬರ ಕಣ್ಣು ದಾಟಿ ಹೋಗಲಿ ಎಂದೇ ಕೌನ್ಸೆಲ್‌ರನ್ನು ಮಧ್ಯರಾತ್ರಿಯ ಕಾಲ್‌ಗೆ ಕರೆಯುವುದು.

ಸನ್ನದಿಲ್ಲದ ವಕೀಲರು

ಇಷ್ಟೆಲ್ಲ ಹೊರೆ ಹೊತ್ತವರಿಗೆ ಕೋರ್ಟಿನಲ್ಲಿ ಬಾಯಿಲ್ಲ. ಪೂರ್ಣಾವಧಿ ಸಂಬಳದ ನೌಕರಿ ಹಿಡಿದವರು ವಕೀಲಿ ಮಾಡುವಂತಿಲ್ಲ ಎನ್ನುತ್ತದೆ ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ. ನೌಕರಿಗೆ ಸೇರಿದ ಕೂಡಲೇ ತಮ್ಮ ಹೆಸರಿರುವ ಪರಿಷತ್ತಿಗೆ, ನಮ್ಮಲ್ಲಾದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, ಬರೆದು ತಿಳಿಸಬೇಕು. ನೌಕರಿಯಲ್ಲಿರುವಷ್ಟು ದಿನ ವಕೀಲಿ ನಿಂತಿರುತ್ತದೆ. ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಇದನ್ನೇ ಎತ್ತಿಹಿಡಿಯಿತು. ತಿಳಿಸದೆ ಸುಮ್ಮನಿದ್ದು, ಗೆಳೆಯರಿಗಾಗಿ ಒಂದು ವಕಾಲತ್ತಿಗೆ ಸಹಿ ಹಾಕಿದರೂ ಅದು ದುರ್ನಡತೆಯ ದೂರಿಗೆ ದಾರಿ.

ಹಾಗಾದರೆ ಅವರು ಕೋರ್ಟಿನಲ್ಲಿ ಮಾಡಬಹುದಾದದ್ದು? ಸಿವಿಲ್ ಪ್ರಕ್ರಿಯಾ ಸಂಹಿತೆಯ 29ನೇ ಆದೇಶದಡಿ ಕಂಪನಿಯ ಪ್ರಧಾನ ಅಧಿಕಾರಿಯಾಗಿ ದಾವೆಗೆ ಸಹಿ ಹಾಕಬಹುದು, ಸಾಕ್ಷಿ ಕಟಕಟೆ ಹತ್ತಿ ಪಾಟೀಸವಾಲು ಎದುರಿಸಬಹುದು. ವಾದಿಸುವುದು ಮಾತ್ರ ಹೊರಗಿನ ವಕೀಲರು. ನಿರ್ದೇಶಕ ಮಂಡಳಿಯ ಠರಾವಾಗಲಿ ಅಧಿಕಾರ ಪತ್ರವಾಗಲಿ ಇಲ್ಲದೆ ಸಹಿ ಹಾಕಿದರೆ ಎದುರಾಳಿಯ ಮೊದಲ ತಕರಾರು ಅಲ್ಲೇ. ಆಮೇಲೆ ಸ್ಥಿರೀಕರಿಸಬಹುದೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದ್ದರೂ, ಅಷ್ಟರಲ್ಲಿ ನಾಲ್ಕು ವಾಯಿದೆ ಹಾಳಾಗಿರುತ್ತವೆ. ವಾಣಿಜ್ಯ ದಾವೆಗಳಲ್ಲಿ ಇನ್ನೊಂದು ಗುಂಡಿ ಇದೆ. ಸಮನ್ಸ್ ತಲುಪಿ 120 ದಿನ ಕಳೆದರೆ ದಾವೆಗೆ ಉತ್ತರವಾದ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ಯಾವುದೋ ಬ್ರಾಂಚಿನ ರಿಸೆಪ್ಷನ್‌ನಲ್ಲಿ ಸಮನ್ಸ್ ತೆಗೆದುಕೊಂಡು ಡ್ರಾಯರ್‌ನಲ್ಲಿಟ್ಟರೂ ದಿನ ಓಡುತ್ತಲೇ ಇರುತ್ತದೆ. ಟಪಾಲು ಯಾರು ಪಡೆಯುತ್ತಾರೆ, ಅದೇ ದಿನ ಸ್ಕ್ಯಾನ್ ಮಾಡಿ ಯಾರಿಗೆ ಕಳಿಸುತ್ತಾರೆ ಎಂಬುದನ್ನು ಗಟ್ಟಿ ಮಾಡುವುದು ‘ಸ್ಟ್ರಾಟೆಜಿಕ್’ ಎನಿಸದಿರಬಹುದು, ಆದರೆ ಕೇಸು ಸೋಲುವುದು ಹೆಚ್ಚಾಗಿ ಇಂಥಲ್ಲೇ.

ಸನ್ನದು, ಅಂದರೆ ವಕೀಲಿಯ ಪರವಾನಗಿ, ಇಲ್ಲದಿರುವುದರ ದೊಡ್ಡ ಪೆಟ್ಟು ಗೋಪ್ಯತೆಯಲ್ಲಿ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ವಕೀಲರಿಂದ ಹೊರಗೆಳೆಯುವಂತಿಲ್ಲ ಎಂಬ ರಕ್ಷಣೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇನ್‌ಹೌಸ್ ಕೌನ್ಸೆಲ್ ಕೋರ್ಟುಗಳಲ್ಲಿ ವಕೀಲಿ ಮಾಡುವವರಲ್ಲ, ಆದ್ದರಿಂದ ಈ ರಕ್ಷಣೆ ಅವರಿಗಿಲ್ಲ ಎಂದಿತು. ಕಂಪನಿಯ ಹೊರಗಿನ ಕಾನೂನು ಸಲಹೆಗಾರರಿಗೆ ಇನ್‌ಹೌಸ್ ಕೌನ್ಸೆಲ್ ಬರೆದದ್ದಕ್ಕೆ 134ನೇ ಕಲಮಿನ ಆಸರೆ ಉಂಟು. ಕಂಪನಿಗೂ ಅವರಿಗೂ ನಡುವೆ ನಡೆದ ಮಾತಿಗೆ ಇಲ್ಲ. ಯುರೋಪಿನ ನ್ಯಾಯಾಲಯವೂ ಆಕ್ಜೊ ನೊಬೆಲ್ ಪ್ರಕರಣದಲ್ಲಿ, ಸ್ಪರ್ಧಾ ಕಾನೂನಿನ ತನಿಖೆಗಳ ಮಟ್ಟಿಗೆ, 2010ರಲ್ಲಿ ಇದೇ ದಾರಿ ಹಿಡಿದಿತ್ತು. ಅಮೆರಿಕದಲ್ಲಿ ಹಾಗಲ್ಲ, ಒಳಗಿನ ವಕೀಲರ ಕಾನೂನು ಸಲಹೆಗೂ ರಕ್ಷಣೆ ಇದೆ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಮುಖ್ಯ ಕಚೇರಿಗೆ ಕೆಲಸ ಮಾಡುವವರು ಅಲ್ಲಿನ ರೂಢಿಯಂತೆ ಮೇಲ್‌ನ ತಲೆಗೆ ‘ಪ್ರಿವಿಲೇಜ್ಡ್’ (ರಕ್ಷಣೆಯುಳ್ಳ ಗೋಪ್ಯ ಸಲಹೆ) ಎಂದು ಬರೆದು ನಿಶ್ಚಿಂತೆಯಿಂದಿರುತ್ತಾರೆ. ಇಲ್ಲಿನ ತನಿಖಾಧಿಕಾರಿಗೆ ಅದು ಬರೀ ಹಣೆಪಟ್ಟಿ.

ಹಾಗಾಗಿ ನಡೆಯ ಕ್ರಮವೇ ಬದಲಾಗಬೇಕು. ಸೂಕ್ಷ್ಮ ವಿಷಯದಲ್ಲಿ ಮೊದಲ ದಿನವೇ ಹೊರಗಿನ ವಕೀಲರನ್ನು ನೇಮಿಸಿ, ಅಭಿಪ್ರಾಯವನ್ನು ಅವರಿಂದಲೇ ಬರೆಸಿಕೊಳ್ಳುವುದು. ಸೋರಿಕೆಯ ತಾಂತ್ರಿಕ ತನಿಖೆಯವರನ್ನೂ ಆ ವಕೀಲರ ಮೂಲಕವೇ ಗೊತ್ತುಮಾಡುವುದು. ಒಳಗಿನ ಮೇಲ್‌ನಲ್ಲಿ ನಡೆದದ್ದನ್ನಷ್ಟೇ ಬರೆದು, ‘ನಮ್ಮದೇ ತಪ್ಪು ಅನ್ನಿಸುತ್ತೆ’ ಎಂಬಂಥ ಊಹೆಗಳನ್ನು ಬರೆಯದಿರುವುದು. ಮತ್ತು ಬರೆದದ್ದನ್ನು ಯಾವ ಕಾರಣಕ್ಕೂ ಅಳಿಸದಿರುವುದು; ತನಿಖೆ ಬರಲಿದೆ ಎಂದು ಗೊತ್ತಿದ್ದೂ ಅಳಿಸಿದರೆ ಅದೇ ಬೇರೆ ಅಪರಾಧ.

ಯಾರಿಗೆ ಉತ್ತರ ಕೊಡಬೇಕು?

ಪಾಲುದಾರ, ಕಾವಲುಗಾರ ಎರಡೂ ಆಗಿರುವವರು ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಜಿಸಿ ಸಿಎಫ್‌ಒಗೆ, ಅಂದರೆ ಹಣಕಾಸು ಮುಖ್ಯಸ್ಥರಿಗೆ, ವರದಿ ಮಾಡುವ ಕಂಪನಿಯಲ್ಲಿ, ಮೇಲೆ ಹೇಳಿದ ಸೈಡ್ ಲೆಟರ್ ಸಿಕ್ಕರೆ ಅದನ್ನು ಯಾರ ಮುಂದಿಡಬೇಕು? ಆ ಅಂಕಿಗಳಿಗೆ ಸಹಿ ಹಾಕಿದವರ ಮುಂದೆಯೇ. ಇದಕ್ಕೇ ಸಿಇಒಗೆ ನೇರ ವರದಿ, ಆಡಿಟ್ ಸಮಿತಿಯ ಅಧ್ಯಕ್ಷರನ್ನು ಬೇಕಾದಾಗ ಕಾಣುವ ಅವಕಾಶ, ಇವೆರಡನ್ನೂ ಕೇಳುವುದು. ಕಾನೂನು ತಾನಾಗಿ ಕೊಡುವುದು ಕಡಿಮೆ. ಕಂಪನಿ ಕಾಯ್ದೆಯ 203ನೇ ಕಲಮಿನ ಕಡ್ಡಾಯ ಪ್ರಮುಖ ಅಧಿಕಾರಿಗಳಲ್ಲಿ ಕಂಪನಿ ಸೆಕ್ರೆಟರಿ, ಸಿಎಫ್‌ಒ ಇದ್ದಾರೆ, ಜನರಲ್ ಕೌನ್ಸೆಲ್ ಇಲ್ಲ. ಸೆಬಿ ನಿಯಮದ ಕಂಪ್ಲಯನ್ಸ್ ಆಫೀಸರ್ (ನಿಯಮಪಾಲನೆಯ ಅಧಿಕಾರಿ) ಕೂಡ ಅರ್ಹ ಕಂಪನಿ ಸೆಕ್ರೆಟರಿಯೇ ಆಗಿರಬೇಕು. ನಿರ್ದೇಶಕರಿಗಿಂತ ಒಂದು ಮೆಟ್ಟಿಲು ಕೆಳಗಿನ ಅಧಿಕಾರಿಯನ್ನು ಮಂಡಳಿ ಬಯಸಿದರೆ ಪ್ರಮುಖ ಅಧಿಕಾರಿ ಎಂದು ಹೆಸರಿಸಬಹುದು. ಹೆಸರಿಸಿದರೆ ಸ್ಥಾನದ ಜೊತೆಗೆ ಕಾಯ್ದೆಯ ಹೊಣೆಯೂ ಮೈಮೇಲೆ ಬರುತ್ತದೆ. ಆ ಠರಾವು ಬರುವ ಮುಂಚೆ, ಕಂಪನಿಯ ನಿರ್ದೇಶಕರ ಮತ್ತು ಅಧಿಕಾರಿಗಳ ಹೊಣೆಗಾರಿಕೆ ವಿಮೆಯ ಪಾಲಿಸಿ ತರಿಸಿ, ‘ಅಧಿಕಾರಿ’ ಎಂಬ ವ್ಯಾಖ್ಯೆಯೊಳಗೆ ತಮ್ಮ ಹುದ್ದೆ ಬರುತ್ತದೆಯೇ, ಕೆಲಸ ಬಿಟ್ಟ ಮೇಲೆ ಎಷ್ಟು ವರ್ಷ ರಕ್ಷಣೆ ಉಳಿಯುತ್ತದೆ ಎಂದು ಓದಿಕೊಳ್ಳಬೇಕು. ಬೇರೆಯವರ ಕರಾರುಗಳನ್ನೆಲ್ಲ ಸಾಲು ಬಿಡದೆ ಓದುವವರು ಈ ಒಂದನ್ನು ಓದದೆ ಬಿಟ್ಟಿರುತ್ತಾರೆ.