ಊರಿನ ಪೊಲೀಸ್ ವೀಸಾ ಕೇಳಬಹುದೇ? ಅಮೆರಿಕದ 150 ವರ್ಷಗಳ ಜಗಳ

ಅಮೆರಿಕದ ರಸ್ತೆಯಲ್ಲಿ ದೀಪ ಮಿನುಗಿಸುತ್ತ ಹಿಂದೆ ಬಂದು ನಿಮ್ಮ ಕಾರು ನಿಲ್ಲಿಸುವ ಪೊಲೀಸ್ ಸಾಮಾನ್ಯವಾಗಿ ವಾಷಿಂಗ್ಟನ್ನಿನ ನೌಕರನಲ್ಲ. ಆತ ಒಂದು ಊರಿಗೋ ಕೌಂಟಿಗೋ ರಾಜ್ಯಕ್ಕೋ ಸೇರಿದವನು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿನ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಬಹುತೇಕ ಕಡೆ ಜನರ ಓಟು ಪಡೆದು ಗೆದ್ದು ಬಂದವನು, ಕೌಂಟಿಯ ಜೈಲೂ ಸಾಮಾನ್ಯವಾಗಿ ಅವನ ಕೈಯಲ್ಲೇ ಇರುತ್ತದೆ. ವೀಸಾ, ಗ್ರೀನ್ ಕಾರ್ಡ್, ಗಡೀಪಾರು ಇವೆಲ್ಲ ಫೆಡರಲ್ ಸರ್ಕಾರದ ಕೆಲಸ. ಹಾಗಿದ್ದರೆ ವೇಗದ ಮಿತಿ ದಾಟಿದ್ದಕ್ಕೆ ಕಾರು ನಿಲ್ಲಿಸಿದ ಊರಿನ ಪೊಲೀಸ್ ನಿಮ್ಮ ವಲಸೆ ದಾಖಲೆ ಕೇಳಬಹುದೇ? ನಿಮ್ಮನ್ನು ಹಿಡಿದು ಫೆಡರಲ್ ವಲಸೆ ಪೊಲೀಸರಾದ ಐಸಿಇಗೆ ಒಪ್ಪಿಸಬಹುದೇ?

ಉತ್ತರ ನೀವು ಯಾವ ರಾಜ್ಯದಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ. ಫ್ಲೋರಿಡಾದಲ್ಲಿ 67 ಕೌಂಟಿಗಳ ಶೆರಿಫ್‌ಗಳೂ 2025ರಲ್ಲಿ, ವಲಸೆ ಕೆಲಸದಲ್ಲಿ ಕೈಜೋಡಿಸಲು ಐಸಿಇ ಜತೆ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಇಲಿನಾಯ್‌ನಲ್ಲಿ ನ್ಯಾಯಾಧೀಶರ ವಾರಂಟ್ ಇಲ್ಲದೆ, ಐಸಿಇ ಕೇಳಿತೆಂಬ ಕಾರಣಕ್ಕೆ ಒಬ್ಬನನ್ನು ಜೈಲಿನಲ್ಲಿ ಉಳಿಸಿಕೊಳ್ಳುವುದನ್ನು 2017ರ ಕಾನೂನು ತಡೆಯುತ್ತದೆ. ಆ ಕಾನೂನಿಗೆ ಸಹಿ ಹಾಕಿದ ರಾಜ್ಯಪಾಲ (ಅಲ್ಲಿ ನಮ್ಮ ಮುಖ್ಯಮಂತ್ರಿಯ ಹಾಗೆ ಸರ್ಕಾರ ನಡೆಸುವವರು) ಬ್ರೂಸ್ ರೌನರ್ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದವರು ಎಂಬುದನ್ನು ಇಂದಿನ ಗಲಾಟೆಯಲ್ಲಿ ಎಲ್ಲರೂ ಮರೆತಿದ್ದಾರೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಇಷ್ಟು ಕಗ್ಗಂಟಾಗುವುದಿಲ್ಲ. ಪೌರತ್ವ, ವೀಸಾ, ವಿದೇಶಿಯರನ್ನು ಹೊರಹಾಕುವುದು ಕೇಂದ್ರ ಪಟ್ಟಿಯಲ್ಲಿವೆ. ಪೊಲೀಸ್ ರಾಜ್ಯ ಪಟ್ಟಿಯಲ್ಲಿದ್ದರೂ, ಸಂಸತ್ತಿನ ಕಾನೂನು ಪಾಲನೆಯಾಗುವಂತೆ ರಾಜ್ಯಗಳಿಗೆ ನಿರ್ದೇಶನ ಕೊಡುವ ಅಧಿಕಾರವನ್ನು 256ನೇ ವಿಧಿ ಕೇಂದ್ರಕ್ಕೆ ಕೊಟ್ಟಿದೆ. ಅಮೆರಿಕದ ಸಂವಿಧಾನದಲ್ಲಿ ಅಂಥ ವಿಧಿಯೇ ಇಲ್ಲ. ಅಷ್ಟೇ ಏಕೆ, ವಲಸೆಯನ್ನು ಯಾರು ನಿಯಂತ್ರಿಸಬೇಕು ಎಂದೂ ಅದು ನೇರವಾಗಿ ಹೇಳುವುದಿಲ್ಲ. ಪೌರತ್ವ ಕೊಡುವುದಕ್ಕೆ ದೇಶಕ್ಕೆಲ್ಲ ಒಂದೇ ನಿಯಮ ಮಾಡುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಇದೆ ಎಂದು ಹೇಳಿ ಸುಮ್ಮನಾಗುತ್ತದೆ. ಹಾಗಾಗಿ ಮೊದಲ ನೂರು ವರ್ಷ ಹಡಗಿನಿಂದ ಇಳಿಯುವವರನ್ನು ತಪಾಸಣೆ ಮಾಡಿದ್ದು, ಅವರ ಮೇಲೆ ತೆರಿಗೆ ಹಾಕಿದ್ದು, ಬೇಡದವರನ್ನು ವಾಪಸ್ ಕಳಿಸಿದ್ದು ಹೆಚ್ಚಾಗಿ ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಂಥ ಕರಾವಳಿ ರಾಜ್ಯಗಳೇ. 1837ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಂದು ಮಟ್ಟಿಗೆ ಒಪ್ಪಿತು. 1849ರಲ್ಲಿ, ಐದಕ್ಕೆ ನಾಲ್ಕರ ಬಹುಮತದಲ್ಲಿ, ಪ್ರಯಾಣಿಕರ ಮೇಲಿನ ತೆರಿಗೆಯನ್ನು ರದ್ದು ಮಾಡಿತು.

ರಾಜ್ಯಗಳ ಕೈಯಿಂದ ಈ ಅಧಿಕಾರ ಜಾರಿದ್ದು ಒಂದು ಹಡಗಿನ ಪ್ರಕರಣದಲ್ಲಿ. 1874ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್‌ನಿಂದ 'ಜಪಾನ್' ಎಂಬ ಹಡಗು ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಕ್ಯಾಲಿಫೋರ್ನಿಯಾ ರಾಜ್ಯದ ವಲಸೆ ಕಮಿಷನರ್ ಹಡಗು ಹತ್ತಿ ಪ್ರಯಾಣಿಕರನ್ನು ನೋಡಿದ. ಒಂಟಿಯಾಗಿ ಬಂದಿದ್ದ ಇಪ್ಪತ್ತಕ್ಕೂ ಹೆಚ್ಚು ಚೀನೀ ಹೆಂಗಸರು ನಡತೆಗೆಟ್ಟವರು ಎಂದು ತೀರ್ಮಾನಿಸಿದ. ತಲೆಗೆ 500 ಡಾಲರ್ ಮುಚ್ಚಳಿಕೆ ಕಟ್ಟದಿದ್ದರೆ ಇಳಿಯುವಂತಿಲ್ಲ ಎಂದ. ಆ ಹೆಂಗಸರು ಕೋರ್ಟಿಗೆ ಹೋದರು. ಅವರಲ್ಲಿ ಚೈ ಲಂಗ್ ಎಂಬಾಕೆಯ ಹೆಸರಿನಲ್ಲಿ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1876ರಲ್ಲಿ ಅವರು ಗೆದ್ದರು.

ತೀರ್ಪು ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಮಿಲ್ಲರ್ ಅವರ ವಾದ ಸರಳವಾಗಿತ್ತು. ಕ್ಯಾಲಿಫೋರ್ನಿಯಾದ ಒಬ್ಬ ಕಮಿಷನರ್ ಪರದೇಶದ ಪ್ರಜೆಯನ್ನು ಅವಮಾನಿಸಿದರೆ, ಆ ದೇಶ ಲೆಕ್ಕ ಕೇಳುವುದು ಕ್ಯಾಲಿಫೋರ್ನಿಯಾವನ್ನಲ್ಲ, ಇಡೀ ಅಮೆರಿಕವನ್ನು. ಒಬ್ಬ ಮೂರ್ಖ, ಹಟಮಾರಿ ಅಥವಾ ದುಷ್ಟ ಅಧಿಕಾರಿ ದೇಶವನ್ನೇ ಜಗಳಕ್ಕೆ ಎಳೆಯುವಂತಾಗಬಾರದು. ಪರದೇಶದವರ ಜತೆಗಿನ ವ್ಯವಹಾರ ಕೇಂದ್ರದ್ದು, ಆದ್ದರಿಂದ ಯಾರು ಒಳಗೆ ಬರಬೇಕು ಎಂಬುದೂ ಕೇಂದ್ರದ್ದೇ.

ಈ ಗೆಲುವನ್ನು ಮಾನವೀಯತೆಯ ಗೆಲುವೆಂದು ಓದಲು ನನಗೆ ಮನಸ್ಸು ಬರುವುದಿಲ್ಲ. ಕೇಂದ್ರದ ಕೈಗೆ ಬಂದ ಅಧಿಕಾರ ಆರು ವರ್ಷದಲ್ಲೇ, 1882ರಲ್ಲಿ, ಚೀನೀ ಕಾರ್ಮಿಕರನ್ನು ಹೊರಗಿಡುವ ಕಾನೂನಾಯಿತು. ಅದೇ ವರ್ಷದ ಇನ್ನೊಂದು ಕಾನೂನು ಬಂದವರ ಮೇಲೆ ತಲೆಗೆ 50 ಸೆಂಟ್ ತೆರಿಗೆ ಹಾಕಿತು, ಆದರೆ ತಪಾಸಣೆಯ ಕೆಲಸವನ್ನು ಗುತ್ತಿಗೆಯ ಮೇಲೆ ರಾಜ್ಯಗಳ ಮಂಡಳಿಗಳಿಗೇ ಬಿಟ್ಟಿತು. ಕೇಂದ್ರಕ್ಕೆ ಆಗ ತನ್ನದೇ ಸಿಬ್ಬಂದಿ ಇರಲಿಲ್ಲ. 1891ರ ಕಾನೂನಿನ ನಂತರ, 1892ರಲ್ಲಿ ನ್ಯೂಯಾರ್ಕ್ ಬಂದರಿನ ವಲಸೆ ತಪಾಸಣಾ ಕೇಂದ್ರ ಎಲ್ಲಿಸ್ ಐಲೆಂಡ್ ತೆರೆದಾಗ ಬಾಗಿಲು ಕಾಯುವವರೂ ಕೇಂದ್ರದವರೇ ಆದರು.

ಬಾಗಿಲು ಕೇಂದ್ರದ್ದಾಯಿತು. ಒಳಗೆ ಬಂದವರ ಮೇಲೆ ಕಣ್ಣಿಡುವುದು? 1939ರಲ್ಲಿ ಪೆನ್ಸಿಲ್ವೇನಿಯಾ ತನ್ನ ರಾಜ್ಯದಲ್ಲಿದ್ದ ವಿದೇಶಿಯರೆಲ್ಲ ವರ್ಷಕ್ಕೆ ಒಂದು ಡಾಲರ್ ಕಟ್ಟಿ ನೋಂದಾಯಿಸಿಕೊಂಡು, ಕಾರ್ಡನ್ನು ಸದಾ ಜತೆಗಿಟ್ಟುಕೊಂಡು, ಪೊಲೀಸರು ಕೇಳಿದಾಗ ತೋರಿಸಬೇಕೆಂದು ಕಾನೂನು ಮಾಡಿತು. ಮರುವರ್ಷ ಕಾಂಗ್ರೆಸ್ ದೇಶಕ್ಕೆಲ್ಲ ಅನ್ವಯಿಸುವ ನೋಂದಣಿ ಕಾನೂನು ತಂದಿತು. 1941ರಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಈ ಗದ್ದೆಯನ್ನು ಪೂರ್ತಿ ಉತ್ತಿದೆ, ರಾಜ್ಯ ಇನ್ನೊಂದು ನೇಗಿಲು ಇಳಿಸುವಂತಿಲ್ಲ ಎಂಬರ್ಥದಲ್ಲಿ ಪೆನ್ಸಿಲ್ವೇನಿಯಾದ ಕಾನೂನನ್ನು ಬದಿಗಿಟ್ಟಿತು. 1940ರ ಆ ನೋಂದಣಿ ಕಾನೂನಿಗೆ ಕನ್ನಡಿಗರ ಮನೆಗಳಲ್ಲೂ ಈಗ ಕೆಲಸವಿದೆ. 2025ರ ಏಪ್ರಿಲ್ 11ರಿಂದ ನೋಂದಣಿ ನಿಯಮವನ್ನು ಬಿಗಿಯಾಗಿ ಜಾರಿ ಮಾಡುವುದಾಗಿ ಟ್ರಂಪ್ ಸರ್ಕಾರ ಪ್ರಕಟಿಸಿತು. ಎಚ್1ಬಿ ವೀಸಾದಲ್ಲಿರುವವರು ದೇಶದೊಳಗೆ ಬಂದ ದಾಖಲೆಯಾದ ಐ-94 ಪಡೆದಾಗಲೇ ನೋಂದಾಯಿತರು, ಆದರೆ 18 ದಾಟಿದವರೆಲ್ಲ ಆ ದಾಖಲೆಯನ್ನು ಸದಾ ಜತೆಗಿಟ್ಟುಕೊಳ್ಳಬೇಕು. ಸ್ಯಾನ್ ಹೋಸೆಗೋ ಡಲ್ಲಾಸಿಗೋ ಮಗನ ಮನೆಗೆ ಹೋದ ಅಪ್ಪ-ಅಮ್ಮ ಸಂಜೆಯ ವಾಕಿಂಗ್‌ಗೂ ಐ-94 ಪ್ರತಿ ಹಿಡಿದು ಹೊರಡಬೇಕಾದದ್ದು ಈ ಹಳೆಯ ಕಾನೂನಿನ ಬೆನ್ನಿಗೆ ಮುಂದೆ ಸೇರಿಕೊಂಡ ನಿಯಮದಿಂದ.

ಮುಂದಿನ ಎಪ್ಪತ್ತು ವರ್ಷ ರಾಜ್ಯಗಳು ಸುಮ್ಮನಿರಲಿಲ್ಲ. ದಾಖಲೆಯಿಲ್ಲದ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡಲು ಟೆಕ್ಸಾಸ್ ಮಾಡಿದ್ದ ಕಾನೂನು 1982ರಲ್ಲಿ ಬಿತ್ತು. ದಾಖಲೆಯಿಲ್ಲದವರಿಗೆ ಸರ್ಕಾರಿ ಸೌಲಭ್ಯ ನಿಲ್ಲಿಸಲು ಕ್ಯಾಲಿಫೋರ್ನಿಯಾದ ಮತದಾರರು 1994ರಲ್ಲಿ ಒಪ್ಪಿದ್ದ 187ನೇ ಪ್ರಸ್ತಾವ ಕೋರ್ಟಿನಲ್ಲಿ ಸೋತಿತು. ಇಂದು ವಲಸಿಗರ ಪರ ಗಟ್ಟಿಯಾಗಿ ನಿಂತಿರುವ ರಾಜ್ಯ ಅದೇ ಕ್ಯಾಲಿಫೋರ್ನಿಯಾ. ಆದರೆ ದೊಡ್ಡ ಡಿಕ್ಕಿ ನಡೆದದ್ದು ಅರಿಜೋನಾದಲ್ಲಿ. 2010ರ ಏಪ್ರಿಲ್ 23ರಂದು ರಾಜ್ಯಪಾಲೆ ಜಾನ್ ಬ್ರೂಯರ್ ಸಹಿ ಹಾಕಿದ ಎಸ್‌ಬಿ 1070 ಕಾನೂನು, ನೋಂದಣಿ ದಾಖಲೆ ಇಟ್ಟುಕೊಳ್ಳದಿರುವುದನ್ನೂ ಅನುಮತಿಯಿಲ್ಲದೆ ಕೆಲಸ ಹುಡುಕುವುದನ್ನೂ ರಾಜ್ಯದ ಅಪರಾಧ ಮಾಡಿತು. ಗಡೀಪಾರಿಗೆ ಅರ್ಹನೆಂದು ಕಂಡವನನ್ನು ವಾರಂಟ್ ಇಲ್ಲದೆ ಹಿಡಿಯಲು ಪೊಲೀಸರಿಗೆ ಬಿಟ್ಟಿತು. ಕೇಂದ್ರ ತನ್ನ ಕೆಲಸ ಮಾಡುತ್ತಿಲ್ಲ, ಗಡಿಯ ಭಾರ ಹೊರುವವರು ನಾವು ಎಂಬುದು ಅರಿಜೋನಾದ ವಾದ. ಗಡಿಯ ಊರುಗಳ ಆ ದೂರು ಪೂರ್ತಿ ಸುಳ್ಳಲ್ಲ. 2012ರ ಜೂನ್ 25ರಂದು ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಆಂಟನಿ ಕೆನಡಿ ಬರೆದ ತೀರ್ಪಿನಲ್ಲಿ, ಈ ಮೂರೂ ಅಂಶಗಳನ್ನು ತೆಗೆದುಹಾಕಿತು. ಬೇರೆ ಕಾರಣಕ್ಕೆ ತಡೆದ ವ್ಯಕ್ತಿಯ ಬಗ್ಗೆ ಅನುಮಾನ ಬಂದರೆ ಅವನ ವಲಸೆ ಸ್ಥಿತಿಯನ್ನು ವಿಚಾರಿಸಬೇಕೆಂಬ ಅಂಶ ಮಾತ್ರ ಸದ್ಯಕ್ಕೆ ಉಳಿಯಿತು.

ಅರಿಜೋನಾ ನೋಡಿ 2011ರಲ್ಲಿ ಅಲಬಾಮಾ ಇನ್ನೂ ಕಠಿಣ ಕಾನೂನು ಮಾಡಿತ್ತು. ಮಕ್ಕಳನ್ನು ಸೇರಿಸಿಕೊಳ್ಳುವಾಗ ಶಾಲೆಗಳು ಅವರ ವಲಸೆ ಸ್ಥಿತಿ ನೋಡಬೇಕಿತ್ತು. ಅದು ಜಾರಿಗೆ ಬಂದ ಕೆಲವೇ ದಿನಗಳಲ್ಲಿ, ಒಂದೇ ದಿನ, ಎರಡು ಸಾವಿರಕ್ಕೂ ಹೆಚ್ಚು ಲ್ಯಾಟಿನೋ ಮಕ್ಕಳು ಶಾಲೆಗೆ ಬರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಟಸ್ಕಲೂಸಾದಲ್ಲಿ ಪೊಲೀಸರು ಒಂದು ಬಾಡಿಗೆ ಕಾರು ನಿಲ್ಲಿಸಿ, ಸರಿಯಾದ ದಾಖಲೆ ಜತೆಯಲ್ಲಿಲ್ಲದ ವಿದೇಶಿಯೊಬ್ಬನನ್ನು ಹಿಡಿದರು. ಆತ ಅಲ್ಲಿನ ಮರ್ಸಿಡಿಸ್ ಬೆಂಜ್ ಕಾರ್ಖಾನೆ ನೋಡಲು ಬಂದಿದ್ದ ಜರ್ಮನಿಯ ಅಧಿಕಾರಿ. 1876ರಲ್ಲಿ ಮಿಲ್ಲರ್ ಹೇಳಿದ ಅಪಾಯ 135 ವರ್ಷಗಳ ನಂತರ ಅಲಬಾಮಾದ ರಸ್ತೆಯಲ್ಲಿ ಎದುರಿಗೇ ಬಂದು ನಿಂತಿತ್ತು.

ಇಲ್ಲಿಯವರೆಗಿನದು ರಾಜ್ಯಗಳಿಗೆ ಏನು ಮಾಡಲು ಬರುವುದಿಲ್ಲ ಎಂಬ ಕಥೆ. ರಾಜ್ಯಗಳು 'ಆಗುವುದಿಲ್ಲ' ಎನ್ನಬಹುದೇ ಎಂಬುದು ಇನ್ನೊಂದು. ಅದರ ಬೇರು ಗುಲಾಮಗಿರಿಯಲ್ಲಿದೆ. 1842ರಲ್ಲಿ ಪೆನ್ಸಿಲ್ವೇನಿಯಾದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಪ್ಪಿಸಿಕೊಂಡ ಗುಲಾಮರನ್ನು ಒಡೆಯರಿಗೆ ಹಿಂತಿರುಗಿಸುವ ಕಾನೂನು ಕೇಂದ್ರದ್ದು, ಅದನ್ನು ರಾಜ್ಯಗಳು ತಡೆಯುವಂತಿಲ್ಲ ಎಂದಿತು. ಜತೆಗೇ, ಅದನ್ನು ಜಾರಿ ಮಾಡಲು ರಾಜ್ಯದ ಅಧಿಕಾರಿಗಳನ್ನು ಬಲವಂತ ಮಾಡುವಂತಿಲ್ಲ ಎಂಬ ಮಾತನ್ನೂ ಸೇರಿಸಿತು. ಮರುವರ್ಷವೇ ಮ್ಯಾಸಚೂಸೆಟ್ಸ್, ತನ್ನ ಅಧಿಕಾರಿಗಳಾಗಲಿ ಜೈಲುಗಳಾಗಲಿ ಗುಲಾಮರನ್ನು ಹಿಡಿಯುವ ಕೆಲಸಕ್ಕೆ ಸಿಗುವುದಿಲ್ಲ ಎಂದು ಕಾನೂನು ಮಾಡಿತು. ಸಿಟ್ಟಾದ ಕಾಂಗ್ರೆಸ್ 1850ರಲ್ಲಿ ಈ ಕೆಲಸಕ್ಕೆ ಫೆಡರಲ್ ಕಮಿಷನರ್‌ಗಳಿಗೆ ಅಧಿಕಾರ ಕೊಟ್ಟಿತು. ಹಿಡಿದವನನ್ನು ಒಡೆಯನಿಗೆ ಒಪ್ಪಿಸಿದರೆ ಕಮಿಷನರ್‌ಗೆ 10 ಡಾಲರ್, ಬಿಟ್ಟರೆ 5 ಡಾಲರ್. ನ್ಯಾಯ ಹೇಳುವವನ ಕೈಗೆ ಎರಡು ಬೆಲೆಯ ಚೀಟಿ ಕೊಟ್ಟ ಆ ಕಾನೂನನ್ನು ಓದುವಾಗ ಇಂದಿಗೂ ಮೈ ಉರಿಯುತ್ತದೆ.

ರಾಜ್ಯದ ಅಧಿಕಾರಿಗಳನ್ನು ಬಲವಂತ ಮಾಡುವಂತಿಲ್ಲ ಎಂಬ ನಿಯಮ ಮತ್ತೆ ಗಟ್ಟಿಯಾದದ್ದು 1997ರಲ್ಲಿ, ಬಂದೂಕಿನ ವಿಷಯದಲ್ಲಿ. ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಸ್ಥಳೀಯ ಪೊಲೀಸರು ಪರಿಶೀಲಿಸಬೇಕೆಂಬ ಫೆಡರಲ್ ಕಾನೂನಿನ ವಿರುದ್ಧ ಮೊಂಟಾನಾ ಮತ್ತು ಅರಿಜೋನಾದ ಇಬ್ಬರು ಶೆರಿಫ್‌ಗಳು ಕೋರ್ಟಿಗೆ ಹೋಗಿ ಗೆದ್ದರು. ರಾಜ್ಯದ ಅಧಿಕಾರಿಗಳನ್ನು ಕೇಂದ್ರ ತನ್ನ ಆಳುಗಳನ್ನಾಗಿ ಮಾಡಿಕೊಳ್ಳುವಂತಿಲ್ಲ ಎಂಬ ಆ ತೀರ್ಪು ಬರೆದವರು ಸಂಪ್ರದಾಯವಾದಿ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ. ಅಂದು ಸಂಭ್ರಮಿಸಿದ್ದು ಬಲಪಂಥ. ಇಂದು ಶಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋ ನಗರಗಳು ಐಸಿಇಗೆ ಸಹಕರಿಸುವುದಿಲ್ಲ ಎನ್ನುವಾಗ ಮುಂದಿಡುವುದು ಇದೇ ತೀರ್ಪನ್ನು. 2025ರ ಜುಲೈನಲ್ಲಿ ಇಲಿನಾಯ್ ವಿರುದ್ಧ ಕೇಂದ್ರ ಹೂಡಿದ್ದ ದಾವೆಯನ್ನು ಫೆಡರಲ್ ನ್ಯಾಯಾಧೀಶೆಯೊಬ್ಬರು ವಜಾ ಮಾಡಿದ್ದು ಈ ತತ್ವದ ಮೇಲೆಯೇ.

ಹಾಗಾಗಿ ಕೇಂದ್ರಕ್ಕೆ ಉಳಿದ ದಾರಿಗಳು ಒಪ್ಪಂದ, ದುಡ್ಡು, ಪಡೆ. ವಲಸೆ ಕಾಯಿದೆಗೆ 1996ರಲ್ಲಿ ಸೇರಿದ 287(ಜಿ) ಎಂಬ ಕಲಮು, ಒಪ್ಪುವ ಪೊಲೀಸರಿಗೆ ತರಬೇತಿ ಕೊಟ್ಟು ವಲಸೆ ಅಧಿಕಾರಿಗಳ ಕೆಲಸ ವಹಿಸಲು ಬಿಡುತ್ತದೆ. ಆರಂಭದಲ್ಲಿ ಯಾರೂ ಮುಂದೆ ಬರಲಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ, 2002ರಲ್ಲಿ, ಫ್ಲೋರಿಡಾ ಮೊದಲ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಇಂಥ ಒಪ್ಪಂದಗಳ ಸಂಖ್ಯೆ ಸಾವಿರ ದಾಟಿತು. ಒಪ್ಪದ ನಗರಗಳಿಗೆ ಅನುದಾನ ನಿಲ್ಲಿಸುವ ಆದೇಶಗಳನ್ನು 2017ರಲ್ಲೂ 2025ರಲ್ಲೂ ತಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬರೇ ನ್ಯಾಯಾಧೀಶರು, ವಿಲಿಯಂ ಓರಿಕ್. 2025ರ ಜೂನ್‌ನಲ್ಲಿ ರಾಜ್ಯಪಾಲರ ವಿರೋಧದ ನಡುವೆಯೂ ಕ್ಯಾಲಿಫೋರ್ನಿಯಾದ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರ ಲಾಸ್ ಏಂಜಲೀಸ್ ಬೀದಿಗಿಳಿಸಿತು. ಶಿಕಾಗೋದಲ್ಲೂ ಹಾಗೆಯೇ ಮಾಡಹೊರಟಾಗ, ಕೆಳಗಿನ ಕೋರ್ಟಿನ ತಡೆಯನ್ನು ತೆರವು ಮಾಡಲು ಸುಪ್ರೀಂ ಕೋರ್ಟ್ ಡಿಸೆಂಬರ್ 23ರಂದು ನಿರಾಕರಿಸಿತು.

ಕೇಂದ್ರ ಸಡಿಲವಾಗಿದೆ ಎನಿಸಿದಾಗ ರಾಜ್ಯಗಳು ಎದುರು ದಿಕ್ಕಿನಲ್ಲೂ ಎಳೆದಿವೆ. ಬೈಡನ್ ಕಾಲದಲ್ಲಿ ಟೆಕ್ಸಾಸ್ ರಾಜ್ಯಪಾಲ ಗ್ರೆಗ್ ಅಬಾಟ್ ರಿಯೊ ಗ್ರಾಂಡೆ ನದಿಯ ದಂಡೆಯಲ್ಲಿ ಮುಳ್ಳುತಂತಿ ಹಾಕಿಸಿದರು. 2024ರ ಜನವರಿಯಲ್ಲಿ ಈಗಲ್ ಪಾಸ್ ಊರಿನ ಶೆಲ್ಬಿ ಪಾರ್ಕನ್ನು ರಾಜ್ಯದ ಪಡೆ ವಶಕ್ಕೆ ತೆಗೆದುಕೊಂಡು ಫೆಡರಲ್ ಗಡಿ ಕಾವಲುಗಾರರನ್ನೇ ಹೊರಗಿಟ್ಟಿತು. 2023ರ ಡಿಸೆಂಬರ್‌ನಲ್ಲಿ ಅಬಾಟ್ ಸಹಿ ಹಾಕಿದ ಎಸ್‌ಬಿ 4 ಕಾನೂನಂತೂ, ಅಕ್ರಮವಾಗಿ ಗಡಿ ದಾಟಿದವರನ್ನು ಮೆಕ್ಸಿಕೋಗೆ ಮರಳುವಂತೆ ಆದೇಶಿಸುವ ಅಧಿಕಾರವನ್ನು ರಾಜ್ಯದ ನ್ಯಾಯಾಧೀಶರಿಗೆ ಕೊಟ್ಟಿತು. ಟೆಕ್ಸಾಸ್ ಕಳಿಸಿದ ಯಾರನ್ನೂ ನಾವು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಮೆಕ್ಸಿಕೋ ಸರ್ಕಾರ ಹೇಳಿತು. ಮತ್ತೆ ಅದೇ ಮಿಲ್ಲರ್ ಪ್ರಶ್ನೆ.

ಇಷ್ಟೆಲ್ಲ ದೊಡ್ಡವರ ಜಗಳ ನಿಜವಾಗಿ ಮುಟ್ಟುವುದು ಕೌಂಟಿ ಜೈಲಿನಲ್ಲಿ ಕೂತವನನ್ನು. ಸಣ್ಣ ತಪ್ಪಿಗೆ ಒಬ್ಬನನ್ನು ಹಿಡಿದರೂ ಅವನ ಬೆರಳಚ್ಚು ಎಫ್‌ಬಿಐ ಮೂಲಕ ವಲಸೆ ಇಲಾಖೆಗೆ ತಾನಾಗಿಯೇ ಹೋಗುತ್ತದೆ. 2008ರಲ್ಲಿ ಶುರುವಾದ ಈ ಏರ್ಪಾಡಿನಿಂದ ಯಾವ ಊರೂ ಹೊರಗುಳಿಯಲಾರದು. ಐಸಿಇಗೆ ಅನುಮಾನ ಬಂದರೆ, ಜಾಮೀನು ಸಿಕ್ಕಿದ ಮೇಲೂ ಇವನನ್ನು 48 ಗಂಟೆಯವರೆಗೆ ಇಟ್ಟುಕೊಳ್ಳಿ ಎಂಬ ಕಾಗದ ಬರುತ್ತದೆ. 'ಡಿಟೇನರ್' ಎಂದು ಅದರ ಹೆಸರು. ಅದಕ್ಕೆ ಸಹಿ ಹಾಕುವವನು ಐಸಿಇ ಅಧಿಕಾರಿ, ನ್ಯಾಯಾಧೀಶನಲ್ಲ. ಜೈಲಿನೊಳಗೇ ಒಪ್ಪಿಸಿದರೆ ಎಲ್ಲರಿಗೂ ಕ್ಷೇಮ, ಇಲ್ಲದಿದ್ದರೆ ನಾವು ಮನೆ, ಬೀದಿ ಹುಡುಕಬೇಕಾಗುತ್ತದೆ ಎನ್ನುತ್ತದೆ ಐಸಿಇ. ಪೊಲೀಸರೇ ಒಪ್ಪಿಸುತ್ತಾರೆ ಎಂದಾದರೆ ಹೊಡೆತ ತಿಂದ ಹೆಂಗಸೂ ದೂರು ಕೊಡಲು ಠಾಣೆಗೆ ಬರುವುದಿಲ್ಲ ಎನ್ನುತ್ತಾರೆ ಎಷ್ಟೋ ಊರುಗಳ ಪೊಲೀಸ್ ಮುಖ್ಯಸ್ಥರು. ಎರಡನೆಯ ಮಾತಿಗೆ ನನ್ನ ಮನಸ್ಸು ಹೆಚ್ಚು ವಾಲುತ್ತದೆ.

2008ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಲೀಹೈ ಕೌಂಟಿ ಜೈಲಿನಲ್ಲಿದ್ದ ಒಬ್ಬನಿಗೆ ಜಾಮೀನು ಸಿಕ್ಕಿತ್ತು. ಡಿಟೇನರ್ ಬಂದದ್ದರಿಂದ ಅವನನ್ನು ಬಿಡಲಿಲ್ಲ. ಆತ ನ್ಯೂಜೆರ್ಸಿಯಲ್ಲಿ ಹುಟ್ಟಿದ ಅಮೆರಿಕದ ಪ್ರಜೆ ಎಂದು ಐಸಿಇ ಅಧಿಕಾರಿಗಳಿಗೆ ಗೊತ್ತಾಗುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಮುಂದೆ ಆತ ದಾವೆ ಹೂಡಿದಾಗ, ಡಿಟೇನರ್ ಕೇಂದ್ರದ ಆಜ್ಞೆ, ನಾವು ಪಾಲಿಸಿದೆವಷ್ಟೇ ಎಂದಿತು ಕೌಂಟಿ. 2014ರಲ್ಲಿ ಆ ಭಾಗದ ಫೆಡರಲ್ ಮೇಲ್ಮನವಿ ನ್ಯಾಯಾಲಯ (ಮೂರನೇ ಸರ್ಕ್ಯೂಟ್) ಅದನ್ನು ಒಪ್ಪಲಿಲ್ಲ. ಡಿಟೇನರ್ ಬರೀ ಕೋರಿಕೆ, ರಾಜ್ಯಕ್ಕೆ ಆಜ್ಞೆ ಮಾಡುವ ಅಧಿಕಾರ ಕೇಂದ್ರಕ್ಕಿಲ್ಲ, ಆದ್ದರಿಂದ ಆ ಮೂರು ದಿನಗಳಿಗೆ ಕೌಂಟಿಯೂ ಉತ್ತರ ಕೊಡಬೇಕು ಎಂದಿತು. ಇದಾದ ಮೇಲೆ ಎಷ್ಟೋ ಶೆರಿಫ್‌ಗಳು ಐಸಿಇಯಿಂದ ಕಾಗದ ಬಂದಾಗ, ಇದರಲ್ಲಿ ನ್ಯಾಯಾಧೀಶರ ಸಹಿ ಎಲ್ಲಿದೆ ಎಂದು ಕೇಳತೊಡಗಿದರು.