ಕ್ಲಾಸ್ ಇಲ್ಲದ ಹೊತ್ತಿನ ಕಟ್ಟಡ: ಕಾಲೇಜ್ ಕ್ಯಾಂಪಸ್ ಡಿಸೈನ್ ಮಾಡೋರಿಗೆ ಒಂದು ಟಿಪ್ಪಣಿ

ಆರ್ಕಿಟೆಕ್ಚರ್ ಸ್ಟುಡಿಯೋದಲ್ಲಿ ಕ್ಯಾಂಪಸ್ ಪ್ರಾಜೆಕ್ಟ್ ಕೊಟ್ರು ಅಂದ್ರೆ ನಾವೆಲ್ಲ ಮೊದಲು ಮಾಡೋದು ಒಂದೇ ಕೆಲಸ, ರೂಮ್‌ಗಳ ಪಟ್ಟಿ. ಇಷ್ಟು ಕ್ಲಾಸ್‌ರೂಮ್, ಇಷ್ಟು ಲ್ಯಾಬ್, ಒಂದು ಲೈಬ್ರರಿ, ಒಂದು ಆಡಿಟೋರಿಯಂ, ಸ್ಟಾಫ್ ರೂಮು, ಟಾಯ್ಲೆಟ್ಟು, ಎಲ್ಲದಕ್ಕೂ ಏರಿಯಾ ಹಾಕಿ ಕೂಡಿಸಿ, ಕೊನೆ ಸಾಲಲ್ಲಿ ಓಡಾಟಕ್ಕೆ ಅಂತ ಒಂದಿಷ್ಟು ಪರ್ಸೆಂಟ್ ಸೇರಿಸಿಬಿಟ್ರೆ ಬ್ರೀಫ್ (ಏನೇನು ಕಟ್ಟಬೇಕು ಅನ್ನೋ ಬೇಡಿಕೆ ಪಟ್ಟಿ) ಮುಗೀತು. ನನ್ನ ಪ್ರಕಾರ ಎಡವಟ್ಟು ಶುರುವಾಗೋದೇ ಆ ಕೊನೆ ಸಾಲಲ್ಲಿ. ಯಾಕಂದ್ರೆ ಈಗಿನ ಸ್ಟೂಡೆಂಟ್ಸ್ ಲ್ಯಾಪ್‌ಟಾಪ್ ಹಿಡ್ಕೊಂಡು ಗ್ರೂಪ್ ಪ್ರಾಜೆಕ್ಟ್ ಮಾಡೋದು, ರೆಕಾರ್ಡ್ ಆದ ಪಾಠ ನೋಡೋದು, ಆನ್‌ಲೈನ್ ಇಂಟರ್‌ವ್ಯೂ ಕೊಡೋದು, ಸುಮ್ನೆ ಕೂತು ಸುಧಾರಿಸ್ಕೊಳೋದು ಎಲ್ಲ ನಡೆಯೋದು ಎರಡು ಕ್ಲಾಸ್ ಮಧ್ಯದ ಹೊತ್ತಲ್ಲಿ, ಆ ಹೊತ್ತಿಗೆ ನಮ್ಮ ಪಟ್ಟಿಯಲ್ಲಿ ರೂಮೇ ಇಲ್ಲ.

ಇದು ಬರೀ ಭಾವನೆಯ ಮಾತಲ್ಲ, ಲೆಕ್ಕನೂ ಇದೆ. ರೂಮ್ ಬಳಕೆ ಅಳೆಯೋಕೆ ಒಂದು ಸರಳ ವಿಧಾನ ಇದೆ: ವಾರದ ಎಷ್ಟು ಗಂಟೆ ರೂಮಲ್ಲಿ ಕ್ಲಾಸ್ ಇತ್ತು ಅನ್ನೋದನ್ನ, ಕ್ಲಾಸ್ ಇದ್ದಾಗ ಎಷ್ಟು ಸೀಟ್ ತುಂಬಿತ್ತು ಅನ್ನೋದರ ಜೊತೆ ಗುಣಿಸೋದು. 60 ಸೀಟಿನ ಒಂದು ರೂಮ್ ತಗೊಳಿ. ವಾರಕ್ಕೆ 40 ಗಂಟೆ ಸಿಗತ್ತೆ, ಟೈಮ್‌ಟೇಬಲ್ ಪ್ರಕಾರ ಕ್ಲಾಸ್ ಇರೋದು 25 ಗಂಟೆ, ಅಂದ್ರೆ 62.5 ಪರ್ಸೆಂಟ್. ಬರೋರು ಸರಾಸರಿ 36 ಜನ, ಅಂದ್ರೆ 60 ಪರ್ಸೆಂಟ್. ಎರಡನ್ನೂ ಗುಣಿಸಿದ್ರೆ 37.5. ಹೊರಗಿಂದ ಸದಾ ಬಿಜಿ ಅನ್ಸೋ ರೂಮು ಕೂಡ ತನ್ನ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ದುಡೀತಿದೆ ಅಷ್ಟೇ. ಅದೇ ಹೊತ್ತಿಗೆ ಕಾರಿಡಾರಲ್ಲಿ ಪ್ಲಗ್ ಪಾಯಿಂಟ್ ಪಕ್ಕ ನಾಲ್ಕು ಜನ ನೆಲದ ಮೇಲೆ ಕೂತಿರ್ತಾರೆ. ಹಾಗಾಗಿ ಜಾಗ ಸಾಲಲ್ಲ ಅಂತ ಯಾರಾದ್ರೂ ಹೇಳಿದ್ರೆ ಯಾವ ಜಾಗ, ಯಾವ ಹೊತ್ತಲ್ಲಿ ಅಂತ ಕೇಳಿ. ಎಷ್ಟೋ ಸಲ ಬೇಕಿರೋದು ಹೊಸ ಕ್ಲಾಸ್‌ರೂಮ್ ಅಲ್ಲ, ಟೈಮ್‌ಟೇಬಲ್ ಸರಿಮಾಡೋದು ಮತ್ತೆ ಕೂರೋಕೆ ನೆಟ್ಟಗಿರೋ ಜಾಗ.

ಕಾರಿಡಾರ್‌ಗೆ ಬರೋಣ. ಆರ್ಕಿಟೆಕ್ಟ್ ಬಿ.ವಿ. ದೋಶಿ ಡಿಸೈನ್ ಮಾಡಿದ ಐಐಎಂ ಬೆಂಗಳೂರು ಕ್ಯಾಂಪಸ್ಸನ್ನ ಓದದೇ ಈ ವಿಷಯ ಮುಂದೆ ಹೋಗಲ್ಲ. ಫತೇಪುರ್ ಸಿಕ್ರಿಯ ಅಂಗಳಗಳ ಪ್ರೇರಣೆ ಅದರಲ್ಲಿದೆ, ಅದನ್ನ ಎಲ್ಲರೂ ಬರೀತಾರೆ, ಆದ್ರೆ ನೋಡಬೇಕಾದ್ದು ಕಾರಿಡಾರ್‌ಗಳನ್ನ. ಒಂದೇ ಅಗಲದಲ್ಲಿ ಪೈಪ್ ಥರ ಓಡಲ್ಲ, ಒಂದು ಕಡೆ ಪೂರ್ತಿ ಮುಚ್ಚಿದೆ, ಇನ್ನೊಂದು ಕಡೆ ಮೇಲೆ ಬರೀ ಪರ್ಗೋಲಾ (ತೊಲೆಗಳ ತೆರೆದ ಚಪ್ಪರ), ಮತ್ತೊಂದು ಕಡೆ ಆಕಾಶಕ್ಕೇ ತೆರೆದಿದೆ, ಎತ್ತರ ಬದಲಾಗತ್ತೆ, ಬೆಳಕು ಬದಲಾಗತ್ತೆ. ನಡ್ಕೊಂಡು ಹೋಗೋನು ಎಲ್ಲೋ ಒಂದು ಕಡೆ ನಿಲ್ಲೋದಕ್ಕೆ ಅಲ್ಲಿ ಕಾರಣ ಸಿಗತ್ತೆ, ನಿಂತವನ ಹತ್ರ ಇನ್ನೊಬ್ಬ ಬಂದು ಮಾತು ಶುರುವಾಗತ್ತೆ. ದೋಶಿಗೆ 2018ರಲ್ಲಿ ಆರ್ಕಿಟೆಕ್ಚರಿನ ದೊಡ್ಡ ಪ್ರಶಸ್ತಿ ಪ್ರಿಟ್ಸ್‌ಕರ್ ಬಂದಾಗ ಈ ಕ್ಯಾಂಪಸ್ ಮತ್ತೆ ಎಲ್ಲರ ಬಾಯಲ್ಲೂ ಬಂತು.

ಇದನ್ನ ಕಾಪಿ ಮಾಡೋಕೆ ಹೋಗಿ ಕಾರಿಡಾರ್ ಪೂರ್ತಿ ಅಗಲ ಮಾಡಿಬಿಡಬೇಡಿ. ಉದ್ದಕ್ಕೂ 4 ಮೀಟರ್ ಅಗಲ ಇರೋ ಕಾರಿಡಾರ್ ಬರೀ ದೊಡ್ಡ ಕಾರಿಡಾರ್, ಅಲ್ಲಿ ಯಾರೂ ಕೂರಲ್ಲ. ಓಡಾಟದ ದಾರಿ ಬೇರೆ, ಕೂರೋ ಜಾಗ ಬೇರೆ ಆಗಿರ್ಲಿ, ಆದ್ರೆ ಪಕ್ಕಪಕ್ಕದಲ್ಲೇ ಇರ್ಲಿ. ಬೆಂಕಿ ಬಿದ್ದಾಗ ಜನ ಓಡೋ ಅಗಲವನ್ನ ಮುಟ್ಟದೆ, ಅದರ ಹೊರಗೆ ಗೋಡೆ ಒಳಕ್ಕೆ ಸರಿಸಿ ಒಂದು ಗೂಡು ಮಾಡಿ, ಅಲ್ಲಿ ಬೆನ್ನಿಗೆ ಗೋಡೆ ಸಿಗಬೇಕು, ಕಣ್ಣಿಗೆ ಓಡಾಡೋರು ಕಾಣಬೇಕು, ಕೈಗೆ ಪ್ಲಗ್ ಪಾಯಿಂಟ್ ಸಿಗಬೇಕು. ಈ ಮೂರಲ್ಲಿ ಒಂದು ತಪ್ಪಿದ್ರೂ ಜಾಗ ಖಾಲಿ ಹೊಡೆಯತ್ತೆ. ಪ್ಲಗ್ ಪಾಯಿಂಟ್ ಅಂದ್ರೆ ನಗಬೇಡಿ, 40 ಲ್ಯಾಪ್‌ಟಾಪ್ ತಲಾ 65 ವಾಟ್ ಎಳೆದ್ರೆ 2.6 ಕಿಲೋವಾಟ್ ಆಯ್ತು, ಇದನ್ನ ಎಲೆಕ್ಟ್ರಿಕಲ್ ಲೇಔಟಲ್ಲಿ ಮೊದಲೇ ಹೇಳದಿದ್ರೆ ಆಮೇಲೆ ಎಕ್ಸ್‌ಟೆನ್ಶನ್ ಬೋರ್ಡ್‌ಗಳ ಬಲೆ ನೆಲದ ಮೇಲೆ ಹರಡ್ಕೊಳತ್ತೆ.

ದಾರಿ ಎಲ್ಲಿ ಹಾಕಬೇಕು ಅನ್ನೋದಕ್ಕೆ ಒಳ್ಳೇ ಉದಾಹರಣೆ ಶಿಕಾಗೋದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದೆ. ಅಲ್ಲಿ 2003ರಲ್ಲಿ ಓಪನ್ ಆದ ಕ್ಯಾಂಪಸ್ ಸೆಂಟರನ್ನ ಆರ್ಕಿಟೆಕ್ಟ್ ರೆಮ್ ಕೂಲ್‌ಹಾಸ್ ಅವರ ಓಎಂಎ ಸಂಸ್ಥೆ ಡಿಸೈನ್ ಮಾಡ್ತು. ಖಾಲಿ ಜಾಗದಲ್ಲಿ ಸ್ಟೂಡೆಂಟ್ಸ್ ಅಡ್ಡಾದಿಡ್ಡಿ ಯಾವ ಯಾವ ದಾರಿಯಲ್ಲಿ ನಡೀತಿದ್ರು ಅಂತ ಗುರುತು ಹಾಕ್ಕೊಂಡು, ಆ ಓರೆ ದಾರಿಗಳನ್ನೇ ಕಟ್ಟಡದ ಒಳಗಿನ ಬೀದಿಗಳನ್ನಾಗಿ ಇಟ್ಕೊಂಡು, ಮಧ್ಯೆ ಉಳಿದ ತುಂಡುಗಳಲ್ಲಿ ಊಟದ ಹಾಲ್, ಅಂಗಡಿ, ಆಟದ ಜಾಗ ಕೂರಿಸಿದ್ರು. ಕಟ್ಟಡದ ಮೇಲೆ ಹೋಗೋ ರೈಲಿನ ಸದ್ದಿಗೆ ಹಳಿಯ ಸುತ್ತ ಸ್ಟೀಲ್ ಹೊದಿಕೆಯ ಒಂದು ದೊಡ್ಡ ಕೊಳವೆಯನ್ನೇ ಹಾಕಿದಾರೆ. ಆ ಕಟ್ಟಡದ ಬಣ್ಣ, ಗ್ರಾಫಿಕ್ಸ್ ಎಲ್ಲ ನನಗೆ ಸ್ವಲ್ಪ ಅತಿ ಅನ್ಸತ್ತೆ, ಆದ್ರೆ ಪ್ಲ್ಯಾನ್ ಹುಟ್ಟಿದ ರೀತಿ ಮಾತ್ರ ಕಲಿಯೋ ಅಂಥದ್ದು.

ಇನ್ನೊಂದು ಫ್ಯಾಷನ್ ಇದೆಯಲ್ಲ, ಎಂಟ್ರೆನ್ಸ್ ಲಾಬಿಯಲ್ಲಿ ಕೂರೋಕೂ ಆಗೋ ದೊಡ್ಡ ಮೆಟ್ಟಿಲು, ಪ್ರತಿ ಜ್ಯೂರಿಯಲ್ಲೂ (ಡಿಸೈನ್ ತೋರಿಸಿ ಒಪ್ಪಿಸೋ ಪರೀಕ್ಷೆ) ಅರ್ಧಕ್ಕರ್ಧ ಶೀಟ್‌ಗಳಲ್ಲಿ ಅದು ಇದ್ದೇ ಇರತ್ತೆ. ರೆಂಡರ್‌ನಲ್ಲಿ, ಅಂದ್ರೆ ಕಂಪ್ಯೂಟರಲ್ಲಿ ಮಾಡಿದ ಚಿತ್ರದಲ್ಲಿ, ತುಂಬಾ ಜೀವಂತವಾಗಿ ಕಾಣತ್ತೆ. ಆದ್ರೆ ಬೆನ್ನಿಗೆ ಆಸರೆ ಇಲ್ಲ, ಟೇಬಲ್ ಇಲ್ಲ, ಮುಕ್ಕಾಲು ಪಾಲು ಕಡೆ ಪ್ಲಗ್ಗೂ ಇಲ್ಲ, ವೀಲ್‌ಚೇರಲ್ಲಿ ಬಂದವರು ಒಂದೋ ಮೇಲಿನ ತುದಿಯಲ್ಲಿ ಇಲ್ಲ ಕೆಳಗಿನ ತುದಿಯಲ್ಲಿ ಇರಬೇಕು, ಗೆಳೆಯರ ಮಧ್ಯೆ ಕೂರೋ ಹಾಗಿಲ್ಲ. ಹಾಕಲೇಬೇಕು ಅಂದ್ರೆ ಮಧ್ಯದ ಒಂದು ಹಂತಕ್ಕೆ ಲಿಫ್ಟಿಂದ ಸಮತಟ್ಟಾಗಿ ಬರೋ ಹಾಗೆ ಸೆಕ್ಷನ್ (ಕಟ್ಟಡವನ್ನ ಸೀಳಿದ ಹಾಗೆ ತೋರಿಸೋ ಚಿತ್ರ) ಬಿಡಿಸಿ ತೋರಿಸಿ. ಅಂದ ಹಾಗೆ ರ್‍ಯಾಂಪ್ 1:12, ವೀಲ್‌ಚೇರ್ ತಿರುಗೋಕೆ 1500 ಮಿಲಿಮೀಟರ್, ಬಾಗಿಲು 900, ಇವು ಬಾಯಿಪಾಠ ಇರ್ಲಿ. ರ್‍ಯಾಂಪ್ ಇರಬೇಕಾದ್ದು ಮುಖ್ಯ ಬಾಗಿಲ ಹತ್ರಾನೇ, ಹಿಂದುಗಡೆ ಅಲ್ಲ.

ಈಗ ಕ್ಲಾಸ್‌ರೂಮ್. ಇಲ್ಲಿ ನಾವು ಕಣ್ಣಿಗೆ ಕಾಣೋದರ ಬಗ್ಗೆ ತಲೆ ಕೆಡಿಸ್ಕೊಂಡಷ್ಟು ಕಿವಿಗೆ ಕೇಳೋದರ ಬಗ್ಗೆ ಕೆಡಿಸ್ಕೊಳಲ್ಲ. ಕಟ್ಟಡಗಳ ಅಕೂಸ್ಟಿಕ್ಸ್, ಅಂದ್ರೆ ಸದ್ದಿನ ಶಾಸ್ತ್ರವೇ ಒಂದು ಕೆಟ್ಟ ಕಾಲೇಜ್ ಹಾಲಿಂದ ಹುಟ್ಟಿದ್ದು ಅಂದ್ರೆ ನಂಬ್ತೀರಾ? 1895ರಲ್ಲಿ ಹಾರ್ವರ್ಡ್‌ನಲ್ಲಿ ಫಾಗ್ ಮ್ಯೂಸಿಯಂ ಕಟ್ಟಡ ಓಪನ್ ಆಯ್ತು, ಅದರ ಲೆಕ್ಚರ್ ಹಾಲಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಗುಂಯ್‌ಗುಡ್ತಿತ್ತು, ಒಂದು ಪದ ಮುಗಿಯೋ ಮುಂಚೆ ಹತ್ತು ಪದ ಅದರ ಮೇಲೆ ಬೀಳ್ತಿದ್ವು. ಸರಿಮಾಡಪ್ಪ ಅಂತ ಯೂನಿವರ್ಸಿಟಿ ಈ ಕೆಲಸವನ್ನ ವ್ಯಾಲೇಸ್ ಸಬೈನ್ ಅನ್ನೋ ಯುವ ಫಿಸಿಕ್ಸ್ ಮೇಷ್ಟ್ರಿಗೆ ವಹಿಸ್ತು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರಿಂದ ಸೀಟಿನ ಕುಶನ್‌ಗಳನ್ನ ರಾತ್ರಿ ಹೊತ್ತು ತರಿಸಿ, ಹಾಲಲ್ಲಿ ಹರಡಿ, ಆರ್ಗನ್ ಪೈಪ್ ಊದಿಸಿ ಸದ್ದು ಆರೋಕೆ ಎಷ್ಟು ಹೊತ್ತು ಬೇಕು ಅಂತ ಅಳೀತಿದ್ರು. ಅದರಿಂದ ಬಂದ ಸೂತ್ರವನ್ನೇ ನಾವು ಇವತ್ತಿಗೂ ಬಳಸೋದು: ಸದ್ದು ಆರೋ ಸಮಯ ಬೇಕಂದ್ರೆ 0.161ನ್ನ ರೂಮಿನ ಘನ ಅಳತೆಯಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ (ಪ್ರತಿ ಮೇಲ್ಮೈಯ ಚದರ ಮೀಟರನ್ನ, ಅದು ಸದ್ದಿನ ಎಷ್ಟು ಪಾಲು ಹೀರತ್ತೆ ಅನ್ನೋದರಿಂದ ಗುಣಿಸಿ ಕೂಡಿಸಿದ್ದು) ಭಾಗಿಸೋದು.

ಲೆಕ್ಕ ಹಾಕಿ ನೋಡೋಣ, ಪರೀಕ್ಷೆಗೂ ಆಗತ್ತೆ. ರೂಮು 9 ಮೀಟರ್ ಉದ್ದ, 8 ಅಗಲ, 3.5 ಎತ್ತರ, ಘನ ಅಳತೆ 252 ಘನ ಮೀಟರ್. ನೆಲ, ಗೋಡೆ, ಸೀಲಿಂಗ್ ಎಲ್ಲ ಸೇರಿ 263 ಚದರ ಮೀಟರ್. ಎಲ್ಲ ಗಟ್ಟಿ ಪ್ಲಾಸ್ಟರ್, ಟೈಲ್ಸ್ ಅಂದ್ಕೊಂಡು ಸರಾಸರಿ ಹೀರುವಿಕೆ 0.05 ಹಿಡಿದ್ರೆ ಒಟ್ಟು 13 ಚಿಲ್ಲರೆ, ಸದ್ದು ಆರೋಕೆ 3 ಸೆಕೆಂಡಿಗೂ ಜಾಸ್ತಿ. ಇಂಥ ರೂಮಲ್ಲಿ ಹಿಂದಿನ ಬೆಂಚಿನವರು ಪಾಠ ಕೇಳ್ತಿಲ್ಲ ಅಂತ ಬೈಯೋದು ಅನ್ಯಾಯ. ಈಗ 72 ಚದರ ಮೀಟರ್ ಸೀಲಿಂಗಿಗೆ 0.7 ಹೀರೋ ಅಕೂಸ್ಟಿಕ್ ಟೈಲ್ ಹಾಕಿ, ಒಟ್ಟು ಹೀರುವಿಕೆ 60ಕ್ಕೆ ಏರತ್ತೆ, ಸಮಯ 0.68 ಸೆಕೆಂಡಿಗೆ ಇಳಿಯತ್ತೆ. ಹಿಂದಿನ ಗೋಡೆಯಲ್ಲಿ 15 ಚದರ ಮೀಟರ್‌ಗೆ 0.6 ಹೀರೋ ಮೆತ್ತನೆ ಪಿನ್ ಬೋರ್ಡ್ ಹಾಕಿ, 0.6ರ ಹತ್ರ ಬಂತು. ಅಮೆರಿಕದ ಕ್ಲಾಸ್‌ರೂಮ್ ಸ್ಟ್ಯಾಂಡರ್ಡ್ ಈ ಗಾತ್ರದ ಖಾಲಿ ರೂಮಿಗೆ ಕೇಳೋದೂ ಅದೇ 0.6, ಜೊತೆಗೆ ಹಿನ್ನೆಲೆ ಸದ್ದು 35 ಡೆಸಿಬಲ್ ದಾಟಬಾರದು. ಒಂದು ಸೀಲಿಂಗು, ಒಂದು ಗೋಡೆ, ಅಷ್ಟೇ ವ್ಯತ್ಯಾಸ. ಮೈಕು ಹಾಕಿದ್ರೆ ಸರಿಹೋಗತ್ತೆ ಅಂತ ಯಾರಾದ್ರೂ ಅಂದ್ರೆ, ಮೈಕು ಗುಂಯ್‌ಗುಡೋದನ್ನೂ ಜೋರು ಮಾಡತ್ತೆ ಅಂತ ಹೇಳಿ.

ಗಾಳಿದೂ ಇದೇ ಕಥೆ. ಅದೇ ರೂಮಲ್ಲಿ 40 ಜನ ಕೂತ್ರೆ, ಒಬ್ಬೊಬ್ಬರು ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾರೆ, ಒಟ್ಟು 720 ಲೀಟರ್. ಎಸಿ ಹಾಕಿ ಕಿಟಕಿ ಬಾಗಿಲು ಪೂರ್ತಿ ಬಿಗಿಯಾಗಿ ಮುಚ್ಚಿದ್ರೆ ಹೊರಗಿನ 420 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) 1000 ಮುಟ್ಟೋಕೆ ಹೆಚ್ಚುಕಮ್ಮಿ 12 ನಿಮಿಷ ಸಾಕು. ಅದಕ್ಕೇ ಮಧ್ಯಾಹ್ನದ ಕ್ಲಾಸಲ್ಲಿ ಆಕಳಿಕೆ, ಊಟದ ಮೇಲೆ ಮಾತ್ರ ಗೂಬೆ ಕೂರಿಸಬೇಡಿ. 1000ದಲ್ಲೇ ನಿಲ್ಲಿಸಬೇಕು ಅಂದ್ರೆ ತಲೆಗೆ ಸೆಕೆಂಡಿಗೆ 8ರಿಂದ 9 ಲೀಟರ್ ಹೊಸ ಗಾಳಿ ಒಳಗೆ ಬರಬೇಕು. ಎದುರುಬದುರು ಕಿಟಕಿ ಇದ್ರೆ ಬರೋದು ಕಷ್ಟ ಅಲ್ಲ, ಆದ್ರೆ ಎರಡೂ ಕಡೆ ರೂಮಿಟ್ಟು ಮಧ್ಯೆ ಕಾರಿಡಾರ್ ಹಾಕಿದ ತಕ್ಷಣ ಆ ದಾರಿ ಮುಚ್ಚಿಹೋಗತ್ತೆ. ಬೆಳಕಿಗೂ ಹಾಗೇ, ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡು ಎರಡೂವರೆ ಪಟ್ಟು ದೂರ ಮಾತ್ರ ಬೆಳಕು ಸರಿಯಾಗಿ ಹೋಗತ್ತೆ, ಅದರಾಚೆ ಹಗಲಲ್ಲೂ ಲೈಟೇ ಗತಿ. ಒಂದೇ ಕಡೆ ರೂಮಿರೋ ಕಾರಿಡಾರಿಗೆ ಜಾಗ ಜಾಸ್ತಿ ಬೇಕು ನಿಜ, ಆದ್ರೆ ಹೊರಗೆ ತೆರೆದಿರೋ ಆ ಕಾರಿಡಾರೇ ನಾವು ಹುಡುಕ್ತಿರೋ ಕೂರೋ ಜಾಗ ಕೂಡ ಆಗತ್ತೆ.

ಟೇಬಲ್ ವಿಷಯ ಸ್ವಲ್ಪದರಲ್ಲಿ ಮುಗಿಸ್ತೀನಿ. ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 1990ರ ದಶಕದಲ್ಲಿ ರಾಬರ್ಟ್ ಬೈಕ್ನರ್ ಅನ್ನೋ ಫಿಸಿಕ್ಸ್ ಪ್ರೊಫೆಸರ್ ಶುರುಮಾಡಿದ ಪದ್ಧತಿಯಲ್ಲಿ 7 ಅಡಿ ದುಂಡು ಟೇಬಲ್, ಸುತ್ತ 9 ಜನ, ಮೂರು ಮೂರರ ಗುಂಪು, ಮೇಷ್ಟ್ರು ಮಧ್ಯೆ ಓಡಾಡ್ತಾರೆ. ಇದಕ್ಕೆ ಸಾಲು ಬೆಂಚಿಗಿಂತ ತಲೆಗೆ ಹೆಚ್ಚುಕಮ್ಮಿ ಎರಡು ಪಟ್ಟು ಜಾಗ ಬೇಕು, ಅದನ್ನ ಬ್ರೀಫಲ್ಲೇ ಕೇಳಿ ಇಸ್ಕೊಳಿ. ನೆಲ ಮಾತ್ರ ಸಮತಟ್ಟಾಗಿರ್ಲಿ. ಮೆಟ್ಟಿಲು ಮೆಟ್ಟಿಲಾಗಿ ಕಾಂಕ್ರೀಟ್ ಹಾಕಿದ ಲೆಕ್ಚರ್ ಹಾಲನ್ನ ಆಮೇಲೆ ಬೇರೆ ಯಾವುದಕ್ಕೂ ಬದಲಾಯಿಸೋಕಾಗಲ್ಲ.

ಅದೇ ಯೂನಿವರ್ಸಿಟಿಯ ಹಂಟ್ ಲೈಬ್ರರಿ 2013ರಲ್ಲಿ ಓಪನ್ ಆಯ್ತು. ಪುಸ್ತಕಗಳನ್ನ ಕಬ್ಬಿಣದ ಡಬ್ಬಗಳಲ್ಲಿಟ್ಟು ರೋಬೋಟ್ ತೆಗೆದುಕೊಡತ್ತೆ, ಮಾಮೂಲಿ ಶೆಲ್ಫಿನ ಒಂಬತ್ತನೇ ಒಂದು ಭಾಗ ಜಾಗ ಸಾಕು, ಉಳಿದ ಜಾಗ ಪೂರ್ತಿ ಕೂತು ಓದೋರಿಗೆ, ಗುಂಪಲ್ಲಿ ಕೆಲಸ ಮಾಡೋರಿಗೆ. ಎಲ್ಲರಿಗೂ ರೋಬೋಟ್ ಬೇಕಿಲ್ಲ. ಆದ್ರೆ ಸದ್ದಿನ ಪ್ರಕಾರ ಲೈಬ್ರರಿ ಹಂಚೋದು ಎಲ್ಲರಿಗೂ ಸಾಧ್ಯ, ಕೆಳಗೆ ಮಾತು, ಮೇಲಕ್ಕೆ ಹೋದಷ್ಟು ನಿಶ್ಶಬ್ದ, ಜೊತೆಗೆ ಆನ್‌ಲೈನ್ ಇಂಟರ್‌ವ್ಯೂ ಕೊಡೋಕೆ ಒಬ್ಬರು ಕೂರೋ ಪುಟ್ಟ ಬೂತ್‌ಗಳು.

ಹಾಸ್ಟೆಲ್ ಬಗ್ಗೆ ಎರಡು ಕಟ್ಟಡ ಪಕ್ಕಪಕ್ಕ ಇಟ್ಟು ಓದಿ. ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಬೇಕರ್ ಹೌಸ್, ಆರ್ಕಿಟೆಕ್ಟ್ ಅಲ್ವಾರ್ ಆಲ್ಟೊ ಡಿಸೈನ್ ಮಾಡಿದ್ದು, 1949ರಲ್ಲಿ ಮುಗೀತು. ನದಿ ದಂಡೆಯ ರಸ್ತೆ ಪಕ್ಕ ಹಾವಿನ ಹಾಗೆ ಬಳುಕಿದೆ. ಅದು ಶೋಕಿಗಲ್ಲ, ಸಾಧ್ಯವಾದಷ್ಟು ರೂಮಿಗೆ ನದಿ ಓರೆಯಾಗಿ ಕಾಣಲಿ, ಟ್ರಾಫಿಕ್ ನೇರ ಕಣ್ಣಿಗೆ ಹೊಡೀಬಾರ್ದು ಅಂತ. ಇನ್ನೊಂದು, ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ದಾನಿ ಚಾರ್ಲಿ ಮಂಗರ್ ತಾವೇ ಕಲ್ಪಿಸಿದ ಮಂಗರ್ ಹಾಲ್. ಸುಮಾರು 4500 ಸ್ಟೂಡೆಂಟ್ಸ್ ಒಂದೇ ಕಟ್ಟಡದಲ್ಲಿ, ಬಹುಪಾಲು ಮಲಗೋ ರೂಮಿಗೆ ಕಿಟಕಿನೇ ಇಲ್ಲ, ಬದಲಿಗೆ ಕೃತಕ ಬೆಳಕಿನ ಕಿಟಕಿ. ರೂಮು ಚಿಕ್ಕದಾಗಿ ಕಿಟಕಿ ಇಲ್ಲದಿದ್ರೆ ಹುಡುಗರು ಹೊರಗೆ ಬಂದು ಎಲ್ಲರ ಜೊತೆ ಬೆರೀತಾರೆ ಅನ್ನೋದು ವಾದ. 2021ರಲ್ಲಿ ಡಿಸೈನ್ ಪರಿಶೀಲನಾ ಸಮಿತಿಯ ಒಬ್ಬ ಆರ್ಕಿಟೆಕ್ಟ್ ಇದನ್ನ ವಿರೋಧಿಸಿ ರಾಜೀನಾಮೆ ಕೊಟ್ರು, ದೊಡ್ಡ ಗಲಾಟೆ ಆಯ್ತು, 2023ರಲ್ಲಿ ಯೋಜನೆ ಕೈಬಿಟ್ರು. ಮೇಲೆ ನಾನು ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇದೆ, ಅದಕ್ಕೇ ಎತ್ಕೊಂಡೆ. ಹಂಚ್ಕೊಂಡು ಕೂರೋ ಜಾಗ ಚೆನ್ನಾಗಿದ್ರೆ ಜನ ತಾವಾಗೇ ಬರ್ತಾರೆ. ಸ್ವಂತ ರೂಮನ್ನ ಹಾಳುಮಾಡಿ ಹೊರಗೆ ತಳ್ಳೋದು ಡಿಸೈನ್ ಅಲ್ಲ, ಶಿಕ್ಷೆ.

ಕೊನೇ ವಿಷಯ, ಕಟ್ಟಡ ಬದಲಾಗೋದು. ಎಂಐಟಿಯ ಬಿಲ್ಡಿಂಗ್ 20 ಅಂತ ಒಂದಿತ್ತು, 1943ರಲ್ಲಿ ಯುದ್ಧಕಾಲದ ರೇಡಾರ್ ಸಂಶೋಧನೆಗೆ ಅಂತ ಮರದಲ್ಲಿ ತಾತ್ಕಾಲಿಕವಾಗಿ ಕಟ್ಟಿದ್ದು, ಆದ್ರೆ 1998ರಲ್ಲಿ ಕೆಡವೋವರೆಗೂ ನಡೀತು. ಯಾರಿಗೂ ಅದರ ಮೇಲೆ ಭಯಭಕ್ತಿ ಇರಲಿಲ್ಲ, ವೈರ್ ಎಳೀಬೇಕಾ ಗೋಡೆಗೆ ತೂತು ಹೊಡಿ, ದೊಡ್ಡ ಯಂತ್ರ ತರಬೇಕಾ ಗೋಡೆ ತೆಗಿ. ಅದೇ ಜಾಗದಲ್ಲಿ 2004ರಲ್ಲಿ ಫ್ರಾಂಕ್ ಗೆಹ್ರಿಯವರ ಸ್ಟಾಟಾ ಸೆಂಟರ್ ಬಂತು, ಓರೆ ಗೋಡೆ, ವಾಲಿದ ಗೋಪುರ, ಫೋಟೋಗೆ ಅದ್ಭುತ. 2007ರಲ್ಲಿ ಸೋರಿಕೆ, ಬಿರುಕು ಅಂತ ಆರ್ಕಿಟೆಕ್ಟ್ ಮೇಲೂ ಕಟ್ಟಿದ ಕಂಪನಿ ಮೇಲೂ ಎಂಐಟಿ ಕೇಸ್ ಹಾಕ್ತು, 2010ರಲ್ಲಿ ರಾಜಿ ಆಯ್ತು. ಹಾಗಂತ ಶೆಡ್ ಕಟ್ಟಿ ಅಂತ ನಾನು ಹೇಳ್ತಿಲ್ಲ. ಕಂಬ, ತೊಲೆ, ಮೆಟ್ಟಿಲು, ಶಾಫ್ಟ್ (ಪೈಪು ವೈರು ಮೇಲಕ್ಕೂ ಕೆಳಕ್ಕೂ ಹೋಗೋ ಜಾಗ) ಇವು ಐವತ್ತು ವರ್ಷಕ್ಕೆ, ಪೈಪು ವೈರು ಹದಿನೈದಿಪ್ಪತ್ತು ವರ್ಷಕ್ಕೆ, ಪಾರ್ಟಿಶನ್ ಇನ್ನೂ ಬೇಗ, ಕುರ್ಚಿ ಟೇಬಲ್ ನಾಳೆಗೇ ಬದಲಾಗಬಹುದು, ಹಾಗಾಗಿ ಬೇಗ ಬದಲಾಗೋದನ್ನ ನಿಧಾನಕ್ಕೆ ಬದಲಾಗೋದರ ಒಳಗೆ ಹೂತಿಡಬೇಡಿ. ಎರಡು ಕ್ಲಾಸ್‌ರೂಮ್ ನಡುವಿನ ಗೋಡೆ ಭಾರ ಹೊರೋದಾಗಿರ್ಬಾರ್ದು, ಅದರೊಳಗೆ ನೀರಿನ ಪೈಪೂ ಇರ್ಬಾರ್ದು.

ಶೀಟ್ ಸಬ್ಮಿಟ್ ಮಾಡೋ ಮುಂಚೆ ಒಂದು ಡ್ರಾಯಿಂಗ್ ಜಾಸ್ತಿ ಮಾಡಿ, ಯಾರೂ ಕೇಳದಿದ್ರೂ ಪರವಾಗಿಲ್ಲ. ಒಂದು ಫ್ಲೋರ್ ಪ್ಲ್ಯಾನ್ ತಗೊಂಡು ಬೆಳಿಗ್ಗೆ 11 ಗಂಟೆಗೆ ಕ್ಲಾಸ್ ಬಿಟ್ಟ ಹೊತ್ತು ಅಂದ್ಕೊಳಿ, ಮೂರು ರೂಮಿಂದ 120 ಜನ ಹೊರಗೆ ಬಂದ್ರು, ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ ಇಡಿ, ಯಾರು ಲ್ಯಾಬಿಗೆ ಹೋಗ್ತಾರೆ, ಯಾರು ಲಿಫ್ಟಿಗೆ ಕಾಯ್ತಾರೆ, ಮುಂದಿನ ಎರಡು ಗಂಟೆ ಕ್ಲಾಸ್ ಇಲ್ಲದ 50 ಜನ ಎಲ್ಲಿ ಕೂರ್ತಾರೆ. ಚುಕ್ಕಿ ಇಡೋಕೆ ಜಾಗ ಸಿಗದಿದ್ರೆ ಪ್ಲ್ಯಾನನ್ನ ಅಲ್ಲಿಂದಲೇ ತಿದ್ದೋಕೆ ಶುರುಮಾಡಿ.