ಲಂಡನ್ನಿನ ಬಡಮಕ್ಕಳಿಗೆ ಮದ್ರಾಸಿನ ಮರಳು

ಇಂಗ್ಲಿಷರು ಬಂದ ಮೇಲೆಯೇ ನಮ್ಮವರು ಶಾಲೆ ಕಂಡದ್ದು ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಗಲ್ಲಿಗಳ ಬಡಮಕ್ಕಳು ಬೈಬಲ್ ಓದುವ ಮೊದಲು ಅಕ್ಷರ ತೀಡಿದ್ದು ಮರಳಿನ ಮೇಲೆ. ಆ ಮರಳಿನ ಪಾಠ ಅಲ್ಲಿಗೆ ಹೋದದ್ದು ಮದ್ರಾಸಿನಿಂದ.

1789ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಹೊಣೆ ಹೊತ್ತ. ಊರಿನ ಶಾಲೆಯೊಂದರಲ್ಲಿ ಮಕ್ಕಳು ಬೆರಳಿನಿಂದ ಮರಳಲ್ಲಿ ಬರೆಯುವುದನ್ನು ಕಂಡು ತನ್ನಲ್ಲೂ ಶುರುಮಾಡಿದ. ಮೇಷ್ಟರು ಇದು ಆಗದ ಕೆಲಸ ಎಂದಾಗ, ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೇ ಚಿಕ್ಕವರನ್ನು ಒಪ್ಪಿಸಿದ. ಹುಡುಗ ಗೆದ್ದ. 1797ರಲ್ಲಿ ಈ ಪ್ರಯೋಗದ ವರದಿ ಲಂಡನ್ನಿನಲ್ಲಿ ಅಚ್ಚಾಯಿತು.

ಮರಳಿನಲ್ಲಿ ಅಂಥದ್ದೇನಿದೆ? ಬಳಪ ಹಿಡಿಯುವುದೇ ಐದು ವರ್ಷದ ಬೆರಳುಗಳಿಗೆ ಬೇರೊಂದು ವಿದ್ಯೆ. ಈಜು ಕಲಿಸುವವರು ಬೆನ್ನಿಗೆ ಬೆಂಡು ಕಟ್ಟಿ, ಮುಳುಗುವ ಚಿಂತೆ ಬಿಡಿಸಿ, ಮೊದಲು ಕೈಕಾಲು ಬಡಿಯಲು ಕಲಿಸುತ್ತಾರಲ್ಲ, ಮರಳೂ ಹಾಗೆಯೇ. ಬಳಪದ ಕಷ್ಟವನ್ನು ನಾಳೆಗಿಟ್ಟು ಅಕ್ಷರದ ಆಕಾರವನ್ನಷ್ಟೇ ಇಂದು ಕೊಡುತ್ತದೆ. ರಂಗೋಲಿಯ ಎಳೆ ಕೆಟ್ಟರೆ ಒರೆಸಿ ಮತ್ತೆ ಎಳೆಯುವಂತೆ ಇಲ್ಲಿ ತಪ್ಪಿಗೆ ದಂಡವಿಲ್ಲ, ಕಾಗದದ ಖರ್ಚೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಅಳಿಸುವುದು! ಅಳಿಸಿದೊಡನೆ ಅಕ್ಷರ ಕಣ್ಣಿಂದ ಮರೆಯಾಗುತ್ತದೆ. ಮತ್ತೆ ಬರೆಯಬೇಕಾದರೆ ಬಾವಿಯಿಂದ ನೀರು ಸೇದಿದಂತೆ ನೆನಪಿನಿಂದ ಸೇದಬೇಕು. ಹಗ್ಗ ಓಡಾಡಿದಷ್ಟೂ ಬಾವಿಕಟ್ಟೆಯ ಕಲ್ಲಿನಲ್ಲಿ ಗೆರೆ ಆಳವಾಗುತ್ತದೆ. ಸುಮ್ಮನೆ ಮತ್ತೆ ಮತ್ತೆ ನೋಡಿದ್ದಕ್ಕಿಂತ ಹೀಗೆ ನೆನಪಿನಿಂದ ಹೊರತೆಗೆದದ್ದು ಹೆಚ್ಚು ಕಾಲ ಉಳಿಯುತ್ತದೆಂದು ಮನೋವಿಜ್ಞಾನದ ಪ್ರಯೋಗಗಳು ತೋರಿಸಿವೆ.

ಬೆಲ್‌ಗಿಂತ ಬಹಳ ಮೊದಲೇ, 1623ರಲ್ಲಿ, ಇಕ್ಕೇರಿಗೆ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ದಾರಿಯ ದೇವಸ್ಥಾನವೊಂದರ ಮುಂದೆ ನಾಲ್ವರು ಹುಡುಗರನ್ನು ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ರಾಗವಾಗಿ ಹೇಳುತ್ತ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದರು. ಮೇಷ್ಟರಿರಲಿಲ್ಲ, ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ರೋಮಾಂಚನ. ಆದರೆ ನಮ್ಮ ಜಗಲಿ ಶಾಲೆಗಳಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಜಾಗವಿರಲಿಲ್ಲ ಎಂಬುದನ್ನು ಮುಚ್ಚಿಟ್ಟು ಹೆಮ್ಮೆಪಡುವುದು ನನ್ನಿಂದಾಗದು.

ಲಂಡನ್ನಿನ ಸದರ್ಕ್‌ನಲ್ಲಿ 1798ರಲ್ಲಿ ಬಡಮಕ್ಕಳ ಶಾಲೆ ತೆರೆದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಜೋಸೆಫ್ ಲ್ಯಾಂಕಾಸ್ಟರ್ ಮೊದಲ ತರಗತಿಗೆ ಮರಳಿನ ಮೇಜು ಹಾಕಿಸಿದ. 1811ರಲ್ಲಿ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನವರು, ಮಕ್ಕಳೇ ಮಕ್ಕಳಿಗೆ ಕಲಿಸುವ ಬೆಲ್‌ನ ಕ್ರಮದಲ್ಲಿ ಶಾಲೆ ನಡೆಸಲು ಸಂಘ ಕಟ್ಟಿದರು. ಇತ್ತ ಕೆಲವು ಭಾನುವಾರದ ಶಾಲೆಗಳಲ್ಲಿ ಓದು ಮಾತ್ರ ಕಲಿಸುತ್ತಿದ್ದರು. ಬೈಬಲ್ ಓದುವುದು ಭಕ್ತಿ, ಬರೆಯುವುದು ದುಡಿಮೆ, ದೇವರ ದಿನ ದುಡಿಯಬಾರದು ಎಂಬ ವಾದ! ವಾರದ ಆರು ದಿನ ಕಾರ್ಖಾನೆಯಲ್ಲಿ ದುಡಿದ ಮಗುವಿಗೆ ಉಳಿದ ಒಂದೇ ದಿನದಲ್ಲೂ ಅಕ್ಷರ ತೀಡುವ ಭಾಗ್ಯ ತಪ್ಪಿಸಿದ ಈ ಮೌಢ್ಯ ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಮಕ್ಕಳೇ ಮೇಷ್ಟರಾಗುವ ಕ್ರಮ ಎಡವಿದ್ದು ಧರ್ಮದ ಪ್ರಶ್ನೋತ್ತರದಲ್ಲಿ, ಅಂದರೆ ಕ್ರೈಸ್ತ ನಂಬಿಕೆಗಳನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ ಪಾಠದಲ್ಲಿ. ಅಕ್ಷರದ ಸರಿತಪ್ಪನ್ನು ಎಂಟು ವರ್ಷದವನು ಹೇಳಬಲ್ಲ. ಮೋಕ್ಷವೆಂದರೇನು ಎಂದು ಕಿರಿಯನೊಬ್ಬ ಕೇಳಿದರೆ ಅವನ ಬಳಿ ಬಾಯಿಪಾಠದ ಸಾಲಷ್ಟೇ ಇತ್ತು. 1846ರಿಂದ ಬ್ರಿಟನ್ನಿನ ಸರ್ಕಾರ ಚಿಕ್ಕವರ ಬದಲು ಹದಿಮೂರು ದಾಟಿದವರನ್ನು ಆರಿಸಿ, ಸಂಬಳ ಕೊಟ್ಟು, ಐದು ವರ್ಷ ಮೇಷ್ಟರ ಕೈಕೆಳಗೆ ಪಳಗಿಸತೊಡಗಿತು.